ನಡುವೆ ಹನ್ನೆರಡು ಕಮ್ಮಿ

ಕಿಟಕಿಯ ಎತ್ತರವನ್ನು ಮೂರು ಕಡೆ ಅಳೆಯಬೇಕು: ಎಡಕ್ಕೆ, ನಡುವೆ, ಬಲಕ್ಕೆ. ಮೂರರಲ್ಲಿ ಕಡಿಮೆ ಬಂದದ್ದನ್ನು ಹಿಡಿದು ಹೊಸ ಕಿಟಕಿ ಮಾಡಿಸಬೇಕು. ಚಿಕ್ಕಪ್ಪ ನನಗೆ ಕಲಿಸಿದ ಮೊದಲ ಪಾಠ ಇದು. ಮೂರೂ ಒಂದೇ ಬರದಿದ್ದರೆ ತಲೆ ಕೆಡಿಸಿಕೊಳ್ಳಬಾರದು ಎಂಬುದು ಎರಡನೆಯ ಪಾಠ. ನಮ್ಮಲ್ಲಿ ವರ್ಷಕ್ಕೆ ಏಳು ತಿಂಗಳು ಮಳೆ. ಮರದ ಕಿಟಕಿಗಳೆಲ್ಲ ನೀರು ಕುಡಿದು ಉಬ್ಬಿರುತ್ತವೆ. ಮುಚ್ಚಿದರೆ ತೆರೆಯುವುದಿಲ್ಲ, ತೆರೆದರೆ ಮುಚ್ಚುವುದಿಲ್ಲ. ಅದಕ್ಕೇ ಜನ ಅವನ್ನು ಕೀಳಿಸಿ ಪ್ಲಾಸ್ಟಿಕ್ಕಿನವು ಹಾಕಿಸುತ್ತಾರೆ, ಅದರಿಂದಲೇ ನಮ್ಮ ಮೂವರ ಹೊಟ್ಟೆ ತುಂಬುತ್ತದೆ. ಚಿಕ್ಕಪ್ಪ ಯಜಮಾನ. ಅಕ್ಕನ ಗಂಡ, ಅಂದರೆ ನನ್ನ ಭಾವ, ಗರಗಸ ಹಿಡಿಯುವವನು. ನಾನು ಅಳತೆಯವಳು, ಭಾವನ ಬಾಯಲ್ಲಿ 'ಇಂಜಿನಿಯರಮ್ಮ'.

ಟೀಚರ್ ಮನೆಯ ದೊಡ್ಡ ಕಿಟಕಿಯ ಅಳತೆ ನನ್ನ ಪುಸ್ತಕದಲ್ಲಿ ಹೀಗಿತ್ತು: ಎಡ ೧೨೧೮, ನಡು ೧೨೦೬, ಬಲ ೧೨೧೭. ಎಲ್ಲ ಮಿಲಿಮೀಟರಿನಲ್ಲಿ. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಒಂದು ಮಾತು: 'ಮರ ಉಬ್ಬಿದೆ.'

ಆ ಬೆಳಿಗ್ಗೆ ಒಂಬತ್ತಕ್ಕೆ ಮಳೆ ನಿಂತಿತು. ಹದಿನಾರು ದಿನ ಬಿಡದೆ ಹೊಡೆದ ಮಳೆ. ಎರಡು ಗಂಟೆಯಾದರೂ ಬಿಡುವು ಸಿಗುತ್ತದೆ ಎಂದು ಚಿಕ್ಕಪ್ಪ ವ್ಯಾನು ಹೊರಡಿಸಿದ. ಹಳೆಯ ಕಿಟಕಿ ಕಿತ್ತಮೇಲೆ ಗೋಡೆಯಲ್ಲಿ ಆಳು ನುಗ್ಗುವಷ್ಟು ದೊಡ್ಡ ಬಾಯಿ ಬಿಟ್ಟಿರುತ್ತದೆ. ಹೊಸದು ಕೂರುವ ತನಕ ನೀರು ಒಳಗೆ ಬರಬಾರದು. ನಮ್ಮ ಕಸುಬಿನಲ್ಲಿ ಹೆದರಬೇಕಾದದ್ದು ಮಳೆಗೆ ಮಾತ್ರ ಎಂದು ನಾನು ಅಂದುಕೊಂಡಿದ್ದೆ.

ಅದೊಂದು ಸಾಲುಮನೆ. ಒಂದರ ಪಕ್ಕ ಒಂದು, ಆರು ಮನೆ, ಎಲ್ಲಕ್ಕೂ ಮೇಲೊಂದು ಮಹಡಿ, ಮಹಡಿಯಲ್ಲಿ ಬೇರೆ ಬಾಡಿಗೆಯವರು. ಟೀಚರ್ ಇದ್ದದ್ದು ಮೊದಲ ಮನೆಯ ಕೆಳಗೆ. ಕೆಲಸದಿಂದ ನಿವೃತ್ತರಾಗಿ ಹದಿನೈದು ವರ್ಷವಾದರೂ ಓಣಿಗೆಲ್ಲ ಅವರು ಟೀಚರ್ರೇ. ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು, ಆಪರೇಷನ್ ಆಗಿ ಹನ್ನೆರಡು ದಿನವಾಗಿತ್ತು. ಮಂಚ ಕಿಟಕಿಯ ಕೆಳಗೇ ಇತ್ತು. ಅವರ ಮಗಳು ಬಾಗಿಲು ತೆಗೆದು, "ಅಮ್ಮನ್ನ ಮಾತ್ರ ಅಲ್ಲಾಡಿಸ್ಬೇಡಿ, ಡಾಕ್ಟ್ರು ಖಡಾಖಂಡಿತವಾಗಿ ಹೇಳಿದಾರೆ" ಎಂದು ಕೆಲಸಕ್ಕೆ ಓಡಿದಳು.

"ಚಿಕ್ಕಪ್ಪ, ಮೊದಲು ಮನುಷ್ಯರನ್ನ ಸರಿಸ್ಬೇಕು, ಆಮೇಲೆ ಸಾಮಾನು ಅಂತ ನೀನೇ ಹೇಳ್ತಿದ್ದೆ" ಎಂದೆ.

"ಹೇಳ್ತಿದ್ದೆ. ಈಗ ಆಕಾಶ ನೋಡು. ಮಂಚ ಸರಿಸೋಕೆ ಅರ್ಧ ಗಂಟೆ, ಅವರನ್ನ ಒಪ್ಪಿಸೋಕೆ ಒಂದು ಗಂಟೆ. ಪ್ಲಾಸ್ಟಿಕ್ ಹೊದಿಸಿ ಕೆಲಸ ಶುರು ಮಾಡು."

ಎರಡು ಬೀರು, ಪುಸ್ತಕದ ಕಪಾಟು, ಮೇಜು ಎಲ್ಲವನ್ನೂ ಎಳೆದು ಮಂಚದ ಆಚೆ ಬದಿಗೆ ಒತ್ತಿದೆವು. ಹೊಸ ಕಿಟಕಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿದೆವು. ಮಂಚದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೀಚರ್ ಮುಖವಷ್ಟೇ ಕಾಣುವಂತೆ ಮಡಿಚಿದೆ.

"ಹೀಗೆ ಕಟ್ಟಿ ನನ್ನನ್ನ ಯಾವ ವಿಳಾಸಕ್ಕೆ ಕಳಿಸ್ತಿದೀಯೇ ಹುಡುಗಿ?" ಎಂದರು ಟೀಚರ್.

"ಧೂಳು ಬೀಳುತ್ತೆ ಟೀಚರ್."

"ನಲವತ್ತು ವರ್ಷ ಸೀಮೆಸುಣ್ಣದ ಧೂಳು ತಿಂದಿದೀನಿ. ನಿಮ್ಮದೇನು ಅದಕ್ಕಿಂತ ಹೆಚ್ಚಾ?"

"ಟೀಚರ್, ನೀವು ಕಣ್ಮುಚ್ಕೊಂಡ್ರೆ ಒಳ್ಳೇದು" ಎಂದ ಭಾವ. "ಹದಿನೇಳರ ಮಗ್ಗಿ ಬರದೆ ಶಾಲೆ ಬಿಟ್ಟೋನು ನಾನು. ನಿಮ್ಮಂಥೋರು ನೋಡ್ತಿದ್ರೆ ಕೈ ನಡುಗುತ್ತೆ."

"ನೀನು ಮರ ಕೊಯ್ದು ಮುಗಿಸೋದ್ರೊಳಗೆ ಕಲಿಸಿಬಿಡ್ತೀನಿ ಬಾ" ಎಂದು ನಕ್ಕರು. ಆಮೇಲೆ ಕಿಟಕಿಯತ್ತ ನೋಡುತ್ತ, "ನಾವು ಬಂದಾಗ ಇದು ಇಷ್ಟೇ ಇಷ್ಟು ಕಿಟಕಿ. ಕತ್ತಲೆ ಅಂತ ಎಲ್ಲರೂ ಗೋಳಾಡಿದ್ದಕ್ಕೆ ಮಾಲೀಕ ಇಪ್ಪತ್ತು ವರ್ಷದ ಹಿಂದೆ ಒಂದೇ ಬೇಸಿಗೇಲಿ ಈ ಸಾಲಿನ ಕಿಟಕಿಗಳನ್ನೆಲ್ಲ ಒಡೆಸಿ ಮೇಲಕ್ಕೆ ದೊಡ್ಡದು ಮಾಡಿಸಿದ" ಎಂದರು.

ಆ ಮಾತು ನನ್ನ ಕಿವಿಗೆ ಬಿತ್ತು. ನಾನು "ಹೌದಾ ಟೀಚರ್" ಎಂದು ಟೇಪು ಹುಡುಕುತ್ತಿದ್ದೆ.

ಭಾವ ಹಳೆಯ ಚೌಕಟ್ಟಿನ ಎಡಗಡೆಯ ನಿಲುವುಪಟ್ಟಿಯನ್ನು ನಡುವೆ ಕೊಯ್ದು ಎರಡು ತುಂಡು ಮಾಡಿ ಕಿತ್ತ. ಹೊರಗೆ ಓಣಿಯಲ್ಲಿ ಹಲಗೆ ಹಾಕಿಕೊಂಡು ನಿಂತಿದ್ದ ಚಿಕ್ಕಪ್ಪ ಅವನ್ನು ಈಸಿಕೊಂಡು ಕೆಳಗೆ ಎಸೆದ. ಭಾವ ಬಲಗಡೆಯದಕ್ಕೆ ಗರಗಸ ಹಾಕಿದ. ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಮುಕ್ಕಾಲು ಭಾಗ ಕೊಯ್ದಮೇಲೆ ಗಕ್ಕನೆ ನಿಂತಿತು.

"ಕಚ್ಕೊಂಡ್ಬಿಡ್ತು ಮುಂಡೇದು" ಎಂದ ಭಾವ. "ದರ್ಜಿ ಮನೇಲೂ ಹೀಗೇ ಮಾಡಿತ್ತಲ್ಲ. ಇಂಜಿನಿಯರಮ್ಮ, ಸೋಪು ಕೊಡು."

ಮೂರು ವಾರದ ಹಿಂದೆ ಇದೇ ಸಾಲಿನ ಮೂರನೆಯ ಮನೆಯಲ್ಲಿ, ದರ್ಜಿಯ ಮನೆಯಲ್ಲಿ, ಹೀಗೇ ಆಗಿತ್ತು. ಅಲಗಿಗೆ ಸೋಪು ಸವರಿ ಎಳೆದಿದ್ದೆವು. ನಾನು ಸೋಪು ತೆಗೆದುಕೊಂಡು ಹತ್ತಿರ ಹೋದೆ. ಒದ್ದೆ ಮರ ಗರಗಸ ಹಿಡಿಯುತ್ತದೆ, ನಿಜ. ಆದರೆ ಅದು ಮೊದಲ ಎಳೆತದಿಂದಲೇ ಹಿಡಿಯುತ್ತದೆ. ಇದು ಸಲೀಸಾಗಿ ಓಡುತ್ತಿದ್ದು ಒಮ್ಮೆಗೇ ನಿಂತಿತ್ತು. ಕೊಯ್ದ ಗೀರು ಅಲಗಿನ ಹಿಂದೆ ಮುಚ್ಚಿಕೊಂಡಿತ್ತು. ಮರ ಉಬ್ಬಿದರೆ ಗೀರು ಎರಡು ನಿಮಿಷದಲ್ಲಿ ಮುಚ್ಚುವುದಿಲ್ಲ. ಮೇಲಿನಿಂದ ಏನಾದರೂ ಒತ್ತಿದರೆ ಮುಚ್ಚುತ್ತದೆ.

ಆಗ ಪ್ಲಾಸ್ಟಿಕ್ ಹಾಳೆಯ ಮೇಲೆ ಟಪ್ ಎಂದಿತು. ಮತ್ತೆ ಟಪ್, ಟಪ್. ಮಳೆ ಶುರುವಾಯಿತೆಂದು ಹೊರಗೆ ನೋಡಿದೆ. ಇಲ್ಲ. ಹಾಳೆಯ ಮೇಲೆ ಬಿದ್ದಿದ್ದು ಗಾರೆಯ ಚೂರು.

ತಲೆ ಎತ್ತಿದೆ. ಮೇಲ್ಪಟ್ಟಿ ನಡುವೆ ಜೋತಿತ್ತು, ಒದ್ದೆ ಬಟ್ಟೆ ಹೊತ್ತ ಹಗ್ಗದ ಹಾಗೆ. ಕಿಟಕಿಯ ತಲೆಯ ಮೇಲೆ ಕಾಂಕ್ರೀಟಿನ ಲಿಂಟಲ್ ಇರಬೇಕು, ಮೇಲಿನ ಗೋಡೆಯ ಭಾರವನ್ನು ಅದು ಹೊರಬೇಕು. ಗಾರೆ ಉದುರಿದ ಕಡೆ ಕಂಡದ್ದು ಬರೀ ಇಟ್ಟಿಗೆ. ಇಟ್ಟಿಗೆ ನೇರ ಮರದ ಮೇಲೆ ಕೂತಿತ್ತು. ದೊಡ್ಡದು ಮಾಡಿಸುವಾಗ ಲಿಂಟಲನ್ನೇ ಒಡೆದು ತೆಗೆದಿದ್ದರು. ಇಪ್ಪತ್ತು ವರ್ಷದಿಂದ ಮಹಡಿಯ ಗೋಡೆಯನ್ನು ಹೊತ್ತಿದ್ದದ್ದು ಈ ಚೌಕಟ್ಟು. ನಡುವೆ ಹನ್ನೆರಡು ಕಮ್ಮಿ ಬಂದದ್ದು ಮರ ಉಬ್ಬಿದ್ದಕ್ಕಲ್ಲ, ಬಗ್ಗಿದ್ದಕ್ಕೆ. ಆ ಹನ್ನೆರಡನ್ನು ಅಳೆದು, ಬರೆದು, ಅದಕ್ಕೆ ಸರಿಯಾಗಿ ಪ್ಲಾಸ್ಟಿಕ್ ಕಿಟಕಿ ಮಾಡಿಸಿದವಳು ನಾನು. ಒಂದು ನಿಲುವು ಕಿತ್ತಾಗಿತ್ತು. ಇನ್ನೊಂದು ಕಾಲು ಭಾಗದ ಮೇಲೆ ನಿಂತಿತ್ತು. ಅದರ ನೇರ ಕೆಳಗೆ ಟೀಚರ್ ತಲೆ.

"ಭಾವ, ಅಲ್ಲಾಡ್ಬೇಡಿ. ಗರಗಸ ಎಳೀಬೇಡಿ."

"ಯಾಕೆ, ಹಲ್ಲಿ ಬಿತ್ತಾ?"

"ಮೇಲೆ ಲಿಂಟಲ್ ಇಲ್ಲ."

ಭಾವ ಮೇಲೆ ನೋಡಿದ. ಮುಖದ ಮೇಲಿನ ನಗು ಹಾಗೇ ಉಳಿದು ಬಣ್ಣ ಮಾತ್ರ ಇಳಿಯಿತು. "ಮಾವ" ಎಂದು ಚಿಕ್ಕಪ್ಪನನ್ನು ಕರೆದ. ಹೊರಗಿದ್ದ ಅವನಿಗೆ ಕೇಳಿಸಲಿಲ್ಲ. ನಾನೇ ಕೂಗಿದೆ. ಚಿಕ್ಕಪ್ಪ ಹೊರಗಿನಿಂದ ಇಣುಕಿ, ಇಟ್ಟಿಗೆ ನೋಡಿ, ಹಲಗೆಯಿಂದ ಧುಮುಕಿದ. "ವ್ಯಾನಿನ ಜಾಕಿ!" ಎಂದು ಓಡುತ್ತ ಹೇಳಿದ್ದು ಕೇಳಿಸಿತು. ವ್ಯಾನು ಓಣಿಯ ಆ ಕೊನೆಯಲ್ಲಿತ್ತು.

ಅಷ್ಟರಲ್ಲಿ ಮಹಡಿಯಲ್ಲಿ ಬಟ್ಟೆ ಒಗೆಯುವ ಮೆಷಿನ್ನು ಗಿರಗಿರನೆ ತಿರುಗತೊಡಗಿತು. ಹದಿನಾರು ದಿನದ ಮೇಲೆ ಬಿಸಿಲು ಕಂಡು ಯಾರೋ ಬಟ್ಟೆಗೆ ಹಾಕಿದ್ದರು. ಅದರ ತಾಳಕ್ಕೆ ಗಾರೆ ಉದುರತೊಡಗಿತು.

"ಏನಾಯ್ತು?" ಎಂದರು ಟೀಚರ್.

ಸುಳ್ಳು ಹೇಳಲು ಬಾಯಿ ತೆರೆದೆ. ನಲವತ್ತು ವರ್ಷ ಮಕ್ಕಳ ಸುಳ್ಳು ಕೇಳಿದವರು ಅವರು. "ಗೋಡೆ ಬೀಳಬಹುದು ಟೀಚರ್. ನಿಮ್ಮನ್ನ ಎಳೀಬೇಕು. ನೋಯುತ್ತೆ."

"ಡಾಕ್ಟ್ರು..."

"ಗೊತ್ತು."

ಅವರು ಹೊದಿಕೆಯಿಂದ ಎರಡೂ ಕೈ ಹೊರತೆಗೆದು ಹಾಸಿಗೆಯ ಅಂಚು ಹಿಡಿದರು. "ಎಳಿ ಮತ್ತೆ."

ಎಳೆಯುವುದೆಲ್ಲಿಗೆ? ಮಂಚದ ಆಚೆ ಬದಿಗೆ ನಾವೇ ಒತ್ತಿಟ್ಟ ಬೀರುಗಳು. ಬಾಗಿಲಿಗೆ ಅಡ್ಡ ನಾವೇ ನಿಲ್ಲಿಸಿದ ಹೊಸ ಕಿಟಕಿ. ಉಳಿದದ್ದು ಕಾಲ್ದೆಸೆಯಲ್ಲಿ ಮೂರು ಅಡಿ ಜಾಗ. ಅಲ್ಲಿ ನಿಂತು ಹಾಸಿಗೆಯ ಎರಡು ಮೂಲೆ ಹಿಡಿದು ಎಳೆದೆ. ಬರಲಿಲ್ಲ. ಕೈ ಬೆವರಿ ಬಟ್ಟೆ ಜಾರುತ್ತಿತ್ತು. ಭಾವನನ್ನು ಕರೆಯುವಂತಿರಲಿಲ್ಲ, ಅವನು ಎರಡೂ ಕೈಯಿಂದ ಕೊಯ್ದ ನಿಲುವನ್ನು ಅಪ್ಪಿ ಹಿಡಿದಿದ್ದ. ಗೋಡೆ ಬಂದರೆ ಅಪ್ಪುಗೆಯಿಂದ ಏನೂ ಆಗದು ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಬಿಡಲಿಲ್ಲ. ಬಿಟ್ಟು ಓಡಿದ್ದರೆ ನಾನು ಬೈಯುತ್ತಿರಲಿಲ್ಲ.

"ಏ ಹುಡುಗ, ಉಸಿರಾಡು" ಎಂದರು ಟೀಚರ್, ಹಲ್ಲು ಕಚ್ಚಿಕೊಂಡು. "ಮಗ್ಗಿ ಹೇಳು."

"ಹದಿನೇಳ್ ಒಂದ್ಲ ಹದಿನೇಳು" ಎಂದ ಭಾವ. "ಹದಿನೇಳ್ ಎರಡ್ಲ ಮೂವತ್ನಾಕು. ಹದಿನೇಳ್ ಮೂರ್ಲ..."

ನಾನು ಕಾಲನ್ನು ಮಂಚದ ಕಾಲಿಗೆ ಕೊಟ್ಟು ಎಳೆದೆ. ಹಾಸಿಗೆ ಒಂದು ಅಡಿ ಬಂತು. ಟೀಚರ್ ಕೂಗಿದ ಕೂಗಿಗೆ ಕೈ ಬಿಟ್ಟೇಬಿಡುವುದರಲ್ಲಿದ್ದೆ. "ನಿಲ್ಲಿಸ್ಬೇಡ!" ಎಂದು ಅದೇ ಕೂಗಿನಲ್ಲಿ ಹೇಳಿದರು. ಮತ್ತೆ ಎಳೆದೆ. ಹಾಸಿಗೆಯ ಕಾಲ್ದೆಸೆ ಮಂಚದಿಂದಿಳಿದು ನೆಲ ಮುಟ್ಟಿತು. ಅವರೂ ಅದರ ಜೊತೆ ಜಾರಿ ನನ್ನ ಮೊಣಕಾಲಿಗೆ ಬಂದು ಒರಗಿದರು.

"ಐವತ್ತೊಂದು" ಎಂದ ಭಾವ.

ಆಗ ಇಟ್ಟಿಗೆ ಬಿತ್ತು. ಒಂದೇ. ದಿಂಬು ಮಂಚದ ತಲೆಗಡೆ ಉಳಿದುಹೋಗಿತ್ತು. ಇಟ್ಟಿಗೆ ಅದರ ಸರಿ ನಡುವೆ ಬಿದ್ದು ಅರ್ಧ ಹೂತುಕೊಂಡಿತು. ಸದ್ದೇ ಆಗಲಿಲ್ಲ. ಅದನ್ನು ಈಗ ನೆನೆದರೂ ನನಗೆ ಹೆಚ್ಚು ಭಯವಾಗುವುದು ಸದ್ದೇ ಆಗದ್ದಕ್ಕೆ.

ಚಿಕ್ಕಪ್ಪ ಕಿಟಕಿಯಿಂದಲೇ ಒಳಗೆ ಹತ್ತಿದ. ಬೈಯುತ್ತ, ಏದುತ್ತ, ಜಾಕಿಯನ್ನು ಕಿಟಕಿಯ ತಳದ ಮೇಲಿಟ್ಟು, ಹೊರಗೆ ಎಸೆದಿದ್ದ ನಿಲುವಿನ ತುಂಡನ್ನೇ ಅದರ ಮೇಲೆ ನಿಲ್ಲಿಸಿ, ಸಂದಿಗೆ ಮರದ ಬಿಲ್ಲೆಗಳನ್ನು ತುರುಕಿ, ಹಿಡಿ ತಿರುಗಿಸಿದ. ತುಂಡು ಹೋಗಿ ಮೇಲ್ಪಟ್ಟಿಗೆ ತಾಗಿತು. ಇನ್ನೊಂದು ಸುತ್ತು ತಿರುಗಿಸಿದಾಗ ಮರ ನರಳಿತು. ಗಾರೆ ನಿಂತಿತು. ಮಹಡಿಯಲ್ಲಿ ಮೆಷಿನ್ನು ತಿರುಗುತ್ತಲೇ ಇತ್ತು. ಭಾವ ಓಡಿಹೋಗಿ ಅದನ್ನು ನಿಲ್ಲಿಸಿ, ಮೇಲಿನವರನ್ನೆಲ್ಲ ಕೆಳಗಿಳಿಸಿ ಬಂದ.

ಹೊಸ ಕಿಟಕಿಯನ್ನು ಬಾಗಿಲಿನಿಂದ ಆಚೆ ತಳ್ಳಿ, ಟೀಚರ್‌ರನ್ನು ಹಾಸಿಗೆ ಸಮೇತ ಮುಂದಿನ ಕೋಣೆಗೆ ಎಳೆದೆವು. ಮಗಳಿಗೆ ಫೋನ್ ಮಾಡಿದೆ, ಆಸ್ಪತ್ರೆಗೆ ಮಾಡಿದೆ. ಟೀಚರ್ ಕಣ್ಣು ಮುಚ್ಚಿಕೊಂಡೇ, "ನಾಕ್ಲ ಎಷ್ಟು ಅಂತ ಅವನು ಹೇಳ್ಲಿಲ್ಲ" ಎಂದರು.

ಚಿಕ್ಕಪ್ಪ ನನ್ನನ್ನು ಓಣಿಗೆ ಕರೆದ. "ಯಾರಿಗೆ ಗೊತ್ತಿತ್ತು ಲಿಂಟಲ್ ಇಲ್ಲ ಅಂತ? ಮಳೆಗೆ ಮರ ಉಬ್ಬಿದೆ ಅನ್ಕೊಂಡ್ವಿ. ಯಾರಾದ್ರೂ ಹಾಗೇ ಅನ್ಕೋತಾರೆ."

"ಉಬ್ಬಿದ್ರೆ ಮೂರು ಕಡೆನೂ ಉಬ್ಬಬೇಕಿತ್ತು ಚಿಕ್ಕಪ್ಪ. ನಡುವೆ ಮಾತ್ರ ಹನ್ನೆರಡು ಕಮ್ಮಿ ಇತ್ತು. ನಾನೇ ಬರೆದಿದ್ದೆ." ಪುಸ್ತಕ ತೆಗೆದು ತೋರಿಸಿದೆ. ತೋರಿಸುವಾಗಲೇ ಹಾಳೆ ಹಿಂದಕ್ಕೆ ತಿರುಗಿಸಿದೆ. ಇದೇ ಸಾಲು, ಮೂರನೆಯ ಮನೆ, ದರ್ಜಿ. ಎಡ ೧೨೧೬, ನಡು ೧೨೦೨, ಬಲ ೧೨೧೬. ಮರ ಉಬ್ಬಿದೆ.

ಚಿಕ್ಕಪ್ಪ ಅದನ್ನು ಓದಿದ. ಮತ್ತೊಮ್ಮೆ ಓದಿದ. ಆ ಮನೆಯ ಚೌಕಟ್ಟನ್ನು ನಾವು ಪೂರ್ತಿ ಕಿತ್ತು ಬಿಸಾಕಿದ್ದೆವು.

"ಮೂರು ವಾರ ಆಯ್ತಲ್ಲ" ಎಂದ. "ಬೀಳೋದಿದ್ರೆ ಅವತ್ತೇ ಬೀಳ್ತಿತ್ತು. ಈಗ ಹೋಗಿ ಹೇಳಿದ್ರೆ ಓಣಿಯೆಲ್ಲ ಹೆದರ್ಕೊಳ್ಳುತ್ತೆ, ನಮ್ಮನ್ನ ಇನ್ಯಾರೂ ಮನೆಯೊಳಗೆ ಬಿಡಲ್ಲ. ನಾಳೆ ಗಾರೆಯವನನ್ನ ಕರ್ಕೊಂಡ್ಬಂದು ಮೆತ್ತಗೆ ನೋಡಿಸೋಣ."

ಮಳೆ ಮತ್ತೆ ಶುರುವಾಯಿತು. ಮೊದಲು ನಾಲ್ಕು ಹನಿ, ಆಮೇಲೆ ಒಟ್ಟಿಗೆ. ಅವನು ವ್ಯಾನಿನತ್ತ ಓಡಿದ. ನಾನು ಮೂರನೆಯ ಮನೆಯತ್ತ ನಡೆದೆ. ನಡುವೆ ಒಂದೇ ಮನೆ, ಮೂವತ್ತು ಹೆಜ್ಜೆ. ಅಷ್ಟರಲ್ಲಿ ಎರಡು ಸಲ ನಿಂತೆ. ಒಳಗೆ ಹೋಗದೆ ಬಾಗಿಲಲ್ಲೇ ಹೇಳಿ ಬರಬಹುದಲ್ಲ ಎಂದು ಅನಿಸಿತು.

ಬೆಲ್ಲು ಒತ್ತಿದೆ. ಕುತ್ತಿಗೆಗೆ ಟೇಪು ನೇತುಹಾಕಿಕೊಂಡು ದರ್ಜಿ ಬಾಗಿಲು ತೆರೆದ.

"ಏನಮ್ಮ ಅಳತೆಗಾತಿ, ಪೂರ್ತಿ ನೆನೆದು ಬಂದಿದೀಯ. ಬಾ ಒಳಗೆ. ನಿನಗೆ ಫೋನ್ ಮಾಡ್ಬೇಕು ಅಂತ್ಲೇ ಇದ್ದೆ. ನಾನು ಹೊಲಿದ ಪ್ಯಾಂಟು ಮೂರೇ ವಾರಕ್ಕೆ ಬಿಗಿ ಆದ್ರೆ ಗಿರಾಕಿ ನನ್ನ ಸುಮ್ನೆ ಬಿಡ್ತಾನಾ?"

"ಯಾಕೆ?"

"ಯಾಕೇಂದ್ರೆ? ನಿಮ್ಮ ಕಿಟಕಿ! ಹಾಕಿದಾಗ ಬೆರಳಲ್ಲಿ ತಳ್ಳಿದ್ರೆ ಸರೀತಿತ್ತು. ಮೊನ್ನೆಯಿಂದ ಬಿಗಿ, ಇವತ್ತು ಬೆಳಿಗ್ಗೆಯಿಂದ ಅಲ್ಲಾಡ್ತಾನೇ ಇಲ್ಲ. ಪ್ಲಾಸ್ಟಿಕ್ಕೂ ಮಳೆಗೆ ಉಬ್ಬುತ್ತೇನಮ್ಮ?"

ಅವನ ಭುಜದ ಮೇಲಿಂದ ಒಳಗೆ ನೋಡಿದೆ. ಬೆಳಕಿಗೆಂದು ಹೊಲಿಗೆ ಮೆಷಿನ್ನನ್ನು ಕಿಟಕಿಗೆ ಒತ್ತಿ ಇಟ್ಟಿದ್ದರು. ಅದರ ಮುಂದೆ ಅವನ ಹೆಂಡತಿ ತಲೆ ಬಗ್ಗಿಸಿ ಗುಂಡಿ ಹಚ್ಚುತ್ತಿದ್ದಳು. ಅವಳ ಬೈತಲೆಯ ಮೇಲೆ, ಹೆಗಲ ಮೇಲೆ, ಮಡಿಲಿನ ಕಪ್ಪು ಬಟ್ಟೆಯ ಮೇಲೆ ತೆಳ್ಳಗೆ ಬೂದಿಯಂಥದೇನೋ ಕೂತಿತ್ತು.

"ಉಬ್ಬಲ್ಲ" ಎಂದೆ. ಕಾಲು ಹೊಸಿಲು ದಾಟಿತ್ತು. "ಅಕ್ಕಾ, ಮೇಲೆ ನೋಡ್ಬೇಡಿ. ಸೂಜಿ ಅಲ್ಲೇ ಬಿಟ್ಟು ಎದ್ದು ನನ್ನ ಹತ್ರ ಬನ್ನಿ."