ಮೂರು ಸಲ ತೊಳೆದ ಡ್ರಮ್

ನನ್ನ ತಮ್ಮ ಪ್ರವೀಣನಿಗೆ ಕುತ್ತಿಗೆಯ ಕೆಳಗೆ ಆಡುವುದು ಬಲಗೈಯ ಎರಡು ಬೆರಳು ಮಾತ್ರ. ಐದು ವರ್ಷದ ಹಿಂದೆ ಎಡಕುಮೇರಿ ಹತ್ತಿರ ರೈಲ್ವೆ ಹಳಿಯ ಕೆಲಸದಲ್ಲಿದ್ದಾಗ ಮಳೆಗೆ ಕಾಲು ಜಾರಿ ಸೇತುವೆಯಿಂದ ಬಿದ್ದ. ಅಂದಿನಿಂದ ಕುಂದೂರಿನ ಹತ್ತಿರದ ನಮ್ಮ ಮನೆಯ ನಡುಕೋಣೆಯಲ್ಲಿ ಮಂಚದ ಮೇಲಿದ್ದಾನೆ. ಊಟ ಮಾಡಿಸುವುದು ನನ್ನ ಹೆಂಡತಿ ನೇತ್ರಾವತಿ. ಸ್ನಾನ, ಗಡ್ಡ, ಮಿಕ್ಕಿದ್ದೆಲ್ಲ ನಾನು. ಅವನಿಗೆ ಮೂವತ್ತೇಳು, ನನಗೆ ಐವತ್ತು.

ಎರಡು ಬೆರಳಿಗೆ ಮೊಬೈಲ್ ಸಾಕು. ಮಂಚಕ್ಕೊಂದು ಕಬ್ಬಿಣದ ತೋಳು ಬೆಸುಗೆ ಹಾಕಿಸಿ, ಕೈಗೆ ಎಟುಕುವ ಹಾಗೆ ಅದಕ್ಕೆ ಮೊಬೈಲ್ ಸಿಕ್ಕಿಸಿಕೊಟ್ಟಿದ್ದೆ. ದಿನವಿಡೀ ಏನೇನೋ ನೋಡುತ್ತಿದ್ದ. ಹೋದ ವರ್ಷ ಒಂದು ದಿನ ಗಡ್ಡ ಮಾಡಿಸಿಕೊಳ್ಳುತ್ತಾ ಹೇಳಿದ:

"ಅಣ್ಣ, ಮನೇಲಿ ಒಂದು ಸಮುದ್ರ ಮಾಡಾಣ."

"ತಲೆಗೂ ಏಟು ಬಿದ್ದಿತ್ತೇನೋ ನಿಂಗೆ?"

"ಕುತ್ತಿಗೆಗೆ ಮಾತ್ರ. ಸರ್ಟಿಫಿಕೇಟ್ ಐತೆ ನೋಡು."

ಮೊಬೈಲಿನಲ್ಲಿ ತೋರಿಸಿದ. ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ಬಂಡೆ, ಬಂಡೆಯ ಮೇಲೆ ಬಣ್ಣಬಣ್ಣದ ಹವಳ. ಹೂವಿನ ಹಾಗೆ ಅರಳಿಕೊಂಡು ನೀರಿನಲ್ಲಿ ತೂಗುವ ಒಂದು ಪ್ರಾಣಿ, ಅದರ ಎಸಳುಗಳ ನಡುವೆ ಬಿಳಿ ಪಟ್ಟೆಯ ಕೇಸರಿ ಮೀನು. ಅಂಗಡಿಗಳಲ್ಲಿ ಇಡುವ ಮೀನಿನ ತೊಟ್ಟಿ ಅಲ್ಲ ಇದು. ನೀರಿನ ಬಿಸಿ, ಉಪ್ಪು, ಬೆಳಕು, ಮೀನಿನ ಊಟ, ಎಲ್ಲವನ್ನೂ ಒಂದು ಯಂತ್ರ ನೋಡಿಕೊಳ್ಳುತ್ತದೆ. ಆ ಯಂತ್ರವನ್ನು ಮೊಬೈಲಿನಿಂದ ನಡೆಸಬಹುದು.

"ನಾಯಿ ಸಾಕಿದ್ರೆ ನೀನು ಅನ್ನ ಹಾಕ್ಬೇಕು. ಗಿಡ ನೆಟ್ರೆ ಅತ್ತಿಗೆ ನೀರು ಹಾಕ್ಬೇಕು. ಇದನ್ನ ಒಂದು ಸಲ ಜೋಡಿಸಿ ಕೊಟ್ಬುಡಿ ಸಾಕು. ಆಮೇಲೆ ಅದನ್ನ ಬದುಕಿಸೋನು ನಾನು," ಎಂದ.

ನಾಲ್ಕು ವರ್ಷದಲ್ಲಿ ಅವನು ಏನನ್ನೂ ಬೇಕು ಎಂದು ಕೇಳಿರಲಿಲ್ಲ. ಆಗಲಿ ಎಂದೆ.

ದುಡ್ಡು ಹೊಂದಿಸಲು ನಾಲ್ಕು ತಿಂಗಳು ಹಿಡಿಯಿತು. ತೊಟ್ಟಿ ಹಾಸನದಿಂದ ಬಂತು. ಸ್ಟ್ಯಾಂಡನ್ನು ಕುಂದೂರಿನಲ್ಲಿ ಮಾಡಿಸಿದೆ. ಮಂಚದ ಎಡಕ್ಕೆ, ಮಲಗಿದಲ್ಲಿಂದಲೇ ಕಾಣುವ ಹಾಗೆ ಇಟ್ಟೆವು. ಕಲ್ಲು ಜೋಡಿಸುವುದಕ್ಕೇ ಒಂದು ವಾರ ಹಿಡಿಯಿತು. ನಾನು ಇಡುವುದು, ಅವನು ತೆಗೆಸುವುದು.

"ಕಾಂಪೌಂಡ್ ಕಟ್ತಾ ಇದೀಯಾ? ಸಂದು ಬಿಡಣ್ಣ, ನೀರು ಓಡಾಡ್ಬೇಕು."

ಹನ್ನೊಂದನೇ ಸಲ ನನಗೆ ತಲೆಕೆಟ್ಟಿತು. "ಬಂದು ನೀನೇ ಇಟ್ಕೊಳೋ ಹಂಗಾದ್ರೆ."

ಬಾಯಿಂದ ಬಂದ ಮೇಲೆ ಏನಂದೆ ಎಂದು ಗೊತ್ತಾಯಿತು. ನೇತ್ರಾವತಿ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಪ್ರವೀಣ ಮಾತ್ರ, "ಬಂದೆ ಇರು. ಅತ್ತಿಗೆ, ನನ್ ಚಪ್ಪಲಿ ಎಲ್ಲವ್ರಿ?" ಎಂದ. ಮೂವರೂ ನಕ್ಕೆವು. ಆ ತಿಂಗಳುಗಳಲ್ಲಿ ಅವನು ಹಾಗಿದ್ದ. ನಾನು ಬೈದರೆ ತಿರುಗಿ ಬೈಯುತ್ತಿದ್ದ.

ಆಮೇಲೆ ಒಂದು ಡ್ರಮ್ ಬೇಕಾಯಿತು. ಉಪ್ಪು ಕಲಸಿದ ಹೊಸ ನೀರನ್ನು ಹಿತ್ತಲಲ್ಲಿ ಡ್ರಮ್ಮಿನಲ್ಲಿ ತುಂಬಿಡಬೇಕು. ಯಂತ್ರ ದಿನಕ್ಕೆ ಐದು ಲೀಟರ್ ಹಳೆಯ ನೀರನ್ನು ಹೊರಗೆ ಬಿಟ್ಟು, ಡ್ರಮ್ಮಿನಿಂದ ಐದು ಲೀಟರ್ ಹೊಸದನ್ನು ಎಳೆದುಕೊಳ್ಳುತ್ತದೆ.

"ಹೊಸ ಡ್ರಮ್ಮೇ ತಗೊಂಡ್ಬಾ ಅಣ್ಣ. ಹಳೇದು ಬ್ಯಾಡ," ಎಂದು ಎರಡು ಸಲ ಹೇಳಿದ.

ಸಕಲೇಶಪುರಕ್ಕೆ ಹೋದೆ. ಅಂಗಡಿಯವನು ನನ್ನನ್ನು ಅರ್ಧ ಗಂಟೆ ನಿಲ್ಲಿಸಿ, ಕಾರಿನಲ್ಲಿ ಬಂದ ಎಸ್ಟೇಟಿನವರಿಗೆ ಪೈಪು ತೋರಿಸುತ್ತಿದ್ದ. ನಾನೂ ಗಿರಾಕಿಯೇ ಎಂದೆ. "ಅವಸರ ಇದ್ರೆ ಬೇರೆ ಅಂಗಡಿ ನೋಡ್ಕೊಳ್ರಿ," ಎಂದ. ಬಾಯಿಗೆ ಬಂದದ್ದನ್ನು ಅಂದು, ಎದುರಿಗೆ ನಿಂತಿದ್ದ ಬಸ್ ಹತ್ತಿಬಿಟ್ಟೆ. ಡ್ರಮ್ ತಂದಿಲ್ಲ ಎನ್ನುವುದು ನೆನಪಾದಾಗ ಬಸ್ಸು ಬಾಳ್ಳುಪೇಟೆ ದಾಟಿತ್ತು. ಮಾರನೆಯ ದಿನ ಹೋಗಬಹುದಿತ್ತು. ಬೇರೆ ಅಂಗಡಿಗಳೂ ಇದ್ದವು. ಹೋಗಲಿಲ್ಲ.

ನಮ್ಮ ಕಾಫಿ ತೋಟದ ಸ್ಟೋರಿನಲ್ಲಿ ಎರಡು ಡ್ರಮ್ ಇದ್ದವು. ಒಂದು ಕಾಂಡಕೊರಕ ಹುಳಕ್ಕೆ ಹೊಡೆಯುವ ವಿಷದ್ದು. ಅದರ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದೇನೆ, ಅದನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಇನ್ನೊಂದು ಬೋರ್ಡೋ ಡ್ರಮ್. ಮಳೆಗಾಲಕ್ಕೆ ಮುಂಚೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಕಾಫಿಗೆ, ಮೆಣಸಿಗೆ ಹೊಡೆಯುತ್ತೇವಲ್ಲ, ಅದರದ್ದು. ಬೋರ್ಡೋವನ್ನು ನಮ್ಮ ಕಡೆ ಯಾರೂ ವಿಷ ಅನ್ನುವುದಿಲ್ಲ. ಹೊಡೆದ ಮೇಲೆ ಡ್ರಮ್ ತೊಳೆದು ಸ್ನಾನದ ನೀರು ತುಂಬಿಕೊಳ್ಳುತ್ತೇವೆ. ಪಕ್ಕದ ಮನೆ ಜವರಪ್ಪನ ಮಗಳ ಮದುವೆಯಲ್ಲಿ ಅಡುಗೆಗೆ ನೀರು ತುಂಬಿದ್ದು ಇದೇ ಡ್ರಮ್ಮಿನಲ್ಲಿ. ಉಂಡವರಲ್ಲಿ ಒಬ್ಬರಿಗೂ ಹೊಟ್ಟೆ ನೋಯಲಿಲ್ಲ.

ಹುಲ್ಲು, ಮರಳು ಹಾಕಿ ಮೂರು ಸಲ ಉಜ್ಜಿದೆ. ಒಳಗೆ ತಲೆ ಹಾಕಿ ಮೂಸಿಯೂ ನೋಡಿದೆ. ತಳದ ಅಂಚಿನಲ್ಲಿ ತೆಳ್ಳಗೆ ಒಂದು ನೀಲಿ ಗೆರೆ ಉಳಿಯಿತು. ಅದು ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಹೊಸದಾ ಅಣ್ಣ?" ಎಂದು ಒಳಗಿಂದ ಕೇಳಿದ.

"ಹೊಸದಲ್ದೆ ಹಳೇದು ತರ್ತೀನಾ?"

ನಂಬಿದ. ಎದ್ದು ಬಂದು ನೋಡುವ ಹಾಗಿಲ್ಲವಲ್ಲ.

ಉಪ್ಪುನೀರು ತುಂಬಿದೆವು. ನೀರು ತುಂಬಿದ ತಕ್ಷಣ ಮೀನು ಬಿಡುವ ಹಾಗಿಲ್ಲ. ಕೊಳೆತದ್ದನ್ನು ತಿಂದು ನೀರನ್ನು ಶುದ್ಧವಾಗಿಡುವ ಕಣ್ಣಿಗೆ ಕಾಣದ ಜೀವಿಗಳು ಮೊದಲು ಕಲ್ಲಿನಲ್ಲಿ, ಮರಳಿನಲ್ಲಿ ನೆಲೆಯಾಗಬೇಕು. ಅದಕ್ಕೆ ಎರಡು ಮೂರು ತಿಂಗಳು. ದಿನ ಬಿಟ್ಟು ದಿನ ನೀರು ಪರೀಕ್ಷೆ. ನೇತ್ರಾವತಿ ಸಣ್ಣ ಗಾಜಿನ ಕೊಳವೆಗೆ ನೀರು ತುಂಬಿ, ಹನಿ ಹಾಕಿ, ಬಣ್ಣವನ್ನು ಕಾರ್ಡಿನ ಜೊತೆ ಹಿಡಿದು ನೋಡಿ ಹೇಳುವಳು. ನಾನು ಹೇಳಿದರೆ ಅವನು ಒಪ್ಪುತ್ತಿರಲಿಲ್ಲ. "ನಿಂಗೆ ಅವಸರ. ಅತ್ತಿಗೆ ಹಳದಿ ಅಂದ್ರೆ ಹಳದಿ," ಎನ್ನುತ್ತಿದ್ದ.

ಚಳಿಗಾಲ ಬಂತು. ತೊಟ್ಟಿಯ ನೀರು ಮಾತ್ರ ಇಪ್ಪತ್ತಾರು ಡಿಗ್ರಿಯಲ್ಲೇ ನಿಂತಿತು. ಜವರಪ್ಪ ಕಂಬಳಿ ಹೊದ್ದು ನೋಡಲು ಬಂದ. ತುಂಬಾ ಹೊತ್ತು ಗಾಜಿನೊಳಗೆ ಇಣುಕಿದ.

"ಮೀನೆಲ್ಲೋ ಪ್ರವೀಣ?"

"ಇನ್ನೂ ಬಂದಿಲ್ಲ ಕಣಣ್ಣ."

"ನಾವಿಲ್ಲಿ ನಡುಗಿ ಸಾಯ್ತಾ ಇದೀವಿ. ನೀನು ಇಲ್ದಿರೋ ಮೀನಿಗೆ ಬಿಸಿನೀರು ಕಾಯಿಸ್ತಾ ಇದೀಯಲ್ಲೋ ಮಾರಾಯ."

ಪ್ರವೀಣ ನಕ್ಕು, ಬೆರಳಿನಿಂದ ಬೆಳಕು ಏರಿಸಿ, ಇಳಿಸಿ ತೋರಿಸಿದ. ಅಲೆ ಎಬ್ಬಿಸುವ ಪಂಪನ್ನು ಜೋರು ಮಾಡಿದ. ಜವರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಬಿದ್ದ ಮೇಲೆ ಪ್ರವೀಣ ತಾನಾಗಿ ಮಾಡಿದ ಕೆಲಸ ಅದೊಂದೇ ಎಂದು ನನಗೆ ಆಗ ಅನ್ನಿಸಿತು.

ಎಪ್ಪತ್ತು ದಿನವಾದ ಮೇಲೆ ಎಲ್ಲ ಅಳತೆಯೂ ಸರಿಬಂತು. ಮಂಗಳೂರಿನಲ್ಲಿ ಈ ಮೀನುಗಳನ್ನು ಮರಿ ಮಾಡಿಸುವ ಶಾಲಿನಿ ಎನ್ನುವವರು ಎರಡು ಪಟ್ಟೆ ಮೀನನ್ನು, ಆ ಹೂವಿನಂಥ ಪ್ರಾಣಿಯನ್ನು, ತಮ್ಮ ತೊಟ್ಟಿಯಲ್ಲೇ ಬೆಳೆಸಿದ ಒಂದು ತುಂಡು ಹವಳವನ್ನು ಅವನಿಗಾಗಿ ಎತ್ತಿಟ್ಟಿದ್ದರು. ಅವನು ಕೂಡಲೇ ತರಿಸಲಿಲ್ಲ. ಮೊದಲು ಹೇನಿಗಿಂತ ಚಿಕ್ಕ ಸಮುದ್ರದ ಹುಳಗಳ ಒಂದು ಬಾಟಲಿ ತರಿಸಿದ. ಅವು ಬದುಕಿದರೆ ಮಿಕ್ಕವೂ ಬದುಕುತ್ತವೆ ಎಂದ.

ಮೂರು ದಿನ ಗಾಜಿನ ಮೇಲೆ ಚುಕ್ಕೆಚುಕ್ಕೆಯಾಗಿ ಹರಿದಾಡಿದವು. ನಾಲ್ಕನೆಯ ದಿನ ಒಂದೂ ಇಲ್ಲ. ಇನ್ನೊಂದು ಬಾಟಲಿ ತರಿಸಿದ. ಅವು ಎರಡೇ ದಿನ. ಯಂತ್ರ ಮಾತ್ರ ಎಲ್ಲ ಸರಿಯಿದೆ ಎಂದು ಹಸಿರು ತೋರಿಸುತ್ತಲೇ ಇತ್ತು.

ಶಾಲಿನಿಗೆ ಫೋನ್ ಮಾಡಿದ. ನಾನು ಅವನ ಗಡ್ಡ ಕೆರೆಯುತ್ತಿದ್ದೆ. ಫೋನು ಸ್ಪೀಕರಿನಲ್ಲಿತ್ತು.

"ನೀವು ಹೇಳಿದ ಅಳತೆ ಎಲ್ಲ ಸರಿ ಉಂಟು," ಎಂದರು ಅವರು. "ತಾಮ್ರ ಎಲ್ಲಿಂದಾದ್ರೂ ಸೇರಿದೆಯಾ ನೋಡಿ. ನಿಮ್ಮ ಯಂತ್ರ ಅದನ್ನು ತೋರಿಸುವುದಿಲ್ಲ. ತಾಮ್ರ ಒಂದು ಚೂರಿದ್ದರೂ ಹವಳ ಬದುಕುವುದಿಲ್ಲ, ಈ ಹುಳಗಳೂ ಇಲ್ಲ."

"ನಮ್ದು ಎಲ್ಲಾ ಪ್ಲಾಸ್ಟಿಕ್ ಪೈಪೇ ಮೇಡಂ. ತಾಮ್ರ ಎಲ್ಲಿಂದ ಬರ್ತದೆ?"

"ಪರೀಕ್ಷೆಯ ಕಿಟ್ ಕಳಿಸ್ತೇನೆ. ನೋಡುವ."

ಮೈಲುತುತ್ತ ಎಂದರೆ ತಾಮ್ರ. ಕಾಫಿ ಸೀಮೆಯಲ್ಲಿ ಅದು ಗೊತ್ತಿಲ್ಲದವರಿಲ್ಲ. ಕತ್ತಿ ಹಿಡಿದ ನನ್ನ ಕೈ ಅವನ ಗಂಟಲಿನ ಮೇಲೆ ನಿಂತುಬಿಟ್ಟಿತು.

"ಕುಯ್ದುಬುಟ್ಟೀಯ ಕಣಣ್ಣ," ಎಂದು ನಕ್ಕ. ನಾನು ನೊರೆ ಒರೆಸಿ ಹೊರಗೆ ಹೋದೆ.

ಕಿಟ್ ಬರಲು ಆರು ದಿನ. ಅಷ್ಟರೊಳಗೆ ಹೇಳಬಹುದಿತ್ತು. ಅದರ ಬದಲು ಹಾಸನಕ್ಕೆ ಹೋಗಿ ಹೊಸ ಡ್ರಮ್ ತಂದು, ನೇತ್ರಾವತಿ ಅವನಿಗೆ ಊಟ ಮಾಡಿಸುತ್ತಿದ್ದಾಗ ಸದ್ದಿಲ್ಲದೆ ಬದಲಾಯಿಸಿದೆ. ಅವನ ಬಳಿ ಬಂದು, ನೀರೆಲ್ಲ ಚೆಲ್ಲಿ ಬೇರೆ ತುಂಬಿದರೆ ಆಗುವುದಿಲ್ಲವೇ ಎಂದು ಕೇಳಿದೆ.

"ಯಾಕೆ ಚೆಲ್ಬೇಕು? ಮೊದ್ಲು ಐತಾ ಇಲ್ವಾ ನೋಡಾಣ," ಎಂದ.

ಕಿಟ್ ಬಂತು. ನೇತ್ರಾವತಿ ಹನಿ ಹಾಕಿ, ಕೊಳವೆ ಅಲ್ಲಾಡಿಸಿ, ಕಿಟಕಿಯ ಬಳಿ ಹೋಗಿ ಕಾರ್ಡಿನ ಪಕ್ಕ ಹಿಡಿದಳು. ಕಾರ್ಡನ್ನು ಬೆಳಕಿಗೆ ತಿರುಗಿಸಿ ಮತ್ತೊಮ್ಮೆ ಹಿಡಿದಳು.

"ಹೇಳಿ ಅತ್ತಿಗೆ."

"ನೀಲಿ ಕಣೋ. ಕೊನೇ ಮನೇದು, ಎಲ್ಲಕ್ಕಿಂತ ಗಾಢ."

"ಇನ್ನೊಂದು ಸಲ ಮಾಡಿ."

ಮಾಡಿದಳು. ಅದೇ ಬಣ್ಣ.

ಅವನು ಸೂರು ನೋಡುತ್ತಾ ಒಂದೊಂದಾಗಿ ಕೇಳಿದ. ಪಂಪಿನ ಒಳಗೆ ತಾಮ್ರದ ತಂತಿ ಹೊರಗೆ ಬಂದಿದೆಯೇ, ಇಲ್ಲ. ಹೀಟರ್ ಬಿರುಕು ಬಿಟ್ಟಿದೆಯೇ, ಇಲ್ಲ. ನಲ್ಲಿ ಹಿತ್ತಾಳೆಯದೇ, ಅಲ್ಲ, ಪ್ಲಾಸ್ಟಿಕ್. ಪ್ರತಿಯೊಂದಕ್ಕೂ ನಾನು ದನಿ ಏರಿಸಿ ಉತ್ತರ ಕೊಡುತ್ತಿದ್ದೆ. ಬಡಿಯಲು ಬಂದವನ ಹಾಗೆ ನಿಂತಿದ್ದೆ.

"ಡ್ರಮ್ಮು?" ಎಂದ.

ನಾನು ಹಿತ್ತಲ ಬಾಗಿಲ ಕಡೆ ನೋಡಿದೆ.

"ಅಣ್ಣ, ಡ್ರಮ್ ಎಲ್ಲಿಂದ ತಂದೆ?"

"ಬೋರ್ಡೋ ಡ್ರಮ್ಮು. ಮೂರು ಸಲ ತೊಳೆದಿದ್ದೆ ಕಣೋ. ವಿಷದ್ದಲ್ಲ. ವಿಷದ ಡ್ರಮ್ಮನ್ನ ನಾನು ಮುಟ್ಲೇ ಇಲ್ಲ."

ನೇತ್ರಾವತಿ ಕೊಳವೆಯನ್ನು ಕೆಳಗಿಟ್ಟಳು. "ಹೊಸದು ಅಂದಿದ್ರಲ್ರೀ," ಎಂದಳು.

ಪ್ರವೀಣ ಬೈಯಲಿಲ್ಲ. ಬೈಯಲಿ ಎಂದು ಕಾದೆ. ಅವನು ಶಾಲಿನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರೂ ಮುಚ್ಚಿಡಲಿಲ್ಲ. ಕಲ್ಲು, ಮರಳು, ಗಾಜು ಕೂಡಿಸಿದ ಅಂಟು, ಎಲ್ಲವೂ ಇಷ್ಟು ದಿನ ತಾಮ್ರವನ್ನು ಹೀರಿವೆ. ನೀರು ಬದಲಾಯಿಸಿದರೆ ಮತ್ತೆ ಬಿಡುತ್ತವೆ. ಮೀನು ಬದುಕಬಹುದು. ಹವಳವನ್ನು, ಆ ಹೂವಿನ ಪ್ರಾಣಿಯನ್ನು ಈ ತೊಟ್ಟಿಯಲ್ಲಿ ಬಿಡಬೇಡಿ. ಹೊಸ ತೊಟ್ಟಿಯಲ್ಲಿ ಮೊದಲಿನಿಂದ ಮಾಡಬೇಕು.

ಅವರು ಫೋನ್ ಇಟ್ಟ ಮೇಲೆ ನಾನು ಮಂಚದ ಬಳಿ ಕೂತೆ.

"ಮೀನು ಬದುಕ್ತಾವಂತಲ್ಲೋ. ಮೀನು ತರಾಣ."

"ಮೀನು ಹೋಟ್ಲಲ್ಲೂ ಇರ್ತಾವೆ ಅಣ್ಣ."

"ಸರಿ, ಹೊಸ ತೊಟ್ಟಿ ತರ್ತೀನಿ. ನಾಳೆಯೇ ಹಾಸನಕ್ಕೆ ಹೋಗ್ತೀನಿ. ಕಲ್ಲು, ಮರಳು ಎಲ್ಲಾ ಹೊಸದು. ನೀನು ಹೆಂಗೆ ಹೇಳ್ತೀಯೋ ಹಂಗೆ ಮಾಡ್ತೀನಿ."

"ಬ್ಯಾಡ."

"ಯಾಕೋ? ಎಂಟು ತಿಂಗಳು ಮಾಡಿದೀವಿ, ಇನ್ನೊಂದೆಂಟು ತಿಂಗಳು. ನಿಂಗೇನು ಎದ್ದು ಎಲ್ಲಿಗಾದ್ರೂ ಹೋಗೋದೈತಾ?"

ಆ ಮಾತಿಗೂ ಅವನಿಗೆ ಕೋಪ ಬರಲಿಲ್ಲ. ನನ್ನ ಕಡೆ ಕಣ್ಣು ತಿರುಗಿಸಿದ.

"ಇನ್ನೊಂದು ಸಲ ಮಾಡಿದ್ರೂ ನಿನ್ ಕೈಲೇ ಮಾಡಿಸ್ಬೇಕಲ್ಲ ಅಣ್ಣ," ಎಂದ.

ಬೇಸರದ ದನಿಯಲ್ಲಿ ಅನ್ನಲಿಲ್ಲ. ಮಳೆ ಬರುತ್ತಿದೆ ಎನ್ನುವವರ ಹಾಗೆ ಅಂದ.

ಆಮೇಲೆ ಮೊಬೈಲಿನಲ್ಲಿ ಒಂದೊಂದನ್ನೇ ಒತ್ತಿದ. ಬೆಳಕು ಆರಿತು. ಅಲೆಯ ಪಂಪು ನಿಂತಿತು. ಹೀಟರ್, ಕೊನೆಗೆ ದೊಡ್ಡ ಪಂಪು. ಮೂರು ತಿಂಗಳಿಂದ ಮನೆಯಲ್ಲಿ ಹಗಲೂ ಇರುಳೂ ಇದ್ದ ಸದ್ದು ಹೋಯಿತು. ಒಲೆಯ ಮೇಲೆ ಸಾರು ಕುದಿಯುವುದು ಕೇಳಿಸಿತು.

"ಮೇಡಂ ಮೀನು ಎತ್ತಿಟ್ಟಿದಾರೆ," ಎಂದೆ.

"ಬೇರೆ ಯಾರಿಗಾದ್ರೂ ಕೊಡಿ ಅಂತ ಮೆಸೇಜ್ ಹಾಕಿದೀನಿ."

ಮಾರನೆಯ ಬೆಳಿಗ್ಗೆ ನೀರು ಖಾಲಿ ಮಾಡಿದೆ. ಹಿತ್ತಲಿಗೆ ಬಿಟ್ಟರೆ ಉಪ್ಪಿಗೆ ಕಾಫಿ ಗಿಡ ಒಣಗುತ್ತದೆ. ಹಾಗಾಗಿ ಕೊಡದಲ್ಲಿ ತುಂಬಿ ತುಂಬಿ ರಸ್ತೆಯ ಚರಂಡಿಗೆ ಹೊತ್ತು ಸುರಿದೆ. ಮಧ್ಯಾಹ್ನದವರೆಗೆ ಆಯಿತು. ಕಲ್ಲುಗಳನ್ನು ಗೋಣಿಚೀಲಕ್ಕೆ ಹಾಕಿದೆ. ಖಾಲಿ ತೊಟ್ಟಿ ಮಂಚದ ಎಡಕ್ಕೇ ಉಳಿಯಿತು. ಅವನು ಕಣ್ಣು ಮುಚ್ಚಿದ್ದ. ನಿದ್ದೆಯಲ್ಲಿರಲಿಲ್ಲ.

ಇದಾಗಿ ನಾಲ್ಕು ತಿಂಗಳಾಯಿತು. ಈಗ ಅವನು ನನ್ನ ಜೊತೆ ಜಗಳವಾಡುವುದಿಲ್ಲ. ಸಾರಿಗೆ ಉಪ್ಪು ಸಾಲದು ಎನ್ನುವುದಿಲ್ಲ. ಗಡ್ಡ ಮಾಡುವಾಗ ಕತ್ತಿ ಚರ್ಮಕ್ಕೆ ತಾಗಿದರೂ ಸುಮ್ಮನಿರುತ್ತಾನೆ. ಬೇಕೆಂದೇ ಒಂದು ದಿನ ಅವನು ನೋಡುತ್ತಿದ್ದ ಕ್ರಿಕೆಟ್ಟನ್ನು ನಿಲ್ಲಿಸಿ ಮೊಬೈಲ್ ಕಿತ್ತುಕೊಂಡು ಹೋದೆ. ಅರ್ಧ ಗಂಟೆಯಾದರೂ ಕೇಳಲಿಲ್ಲ. ನಾನೇ ತಂದು ಸಿಕ್ಕಿಸಿದೆ.

ಬೆನ್ನು ಹುಣ್ಣಾಗದ ಹಾಗೆ ಎರಡೆರಡು ಗಂಟೆಗೆ ಅವನನ್ನು ಮಗ್ಗುಲು ಬದಲಾಯಿಸಬೇಕು. ಇವತ್ತು ಹನ್ನೊಂದಕ್ಕೆ ಹೋಗಿ, ಯಾವ ಕಡೆ ಹಾಕಲಿ ಎಂದು ಕೇಳಿದೆ.

"ನಿಂಗೆ ಯಾವುದು ಸಲೀಸೋ ಆ ಕಡೆ ಹಾಕಣ್ಣ," ಎಂದ.

ಹೆಗಲ ಕೆಳಗೆ ಕೈ ಕೊಟ್ಟು, ಬಲಕ್ಕೆ ತಿರುಗಿಸಿದೆ.