ಸಂಡಿಗೆಯ ಬಿಸಿಲು

ಕೋಲ್ಕತ್ತದ ಟಾಲಿಗಂಜಿನ ಆ ಮನೆಯಲ್ಲಿ ಇಂದುಮತಿಗೆ ತನ್ನದು ಅಂತ ಇದ್ದದ್ದು ತಾರಸಿಯ ಬಿಸಿಲೊಂದೇ. ಗಂಡ ತೀರಿಕೊಂಡ ಮೇಲೆ ತಮ್ಮ ವಿಶ್ವನಾಥ ಮಂಡ್ಯದಿಂದ ಕರೆತಂದಿದ್ದ. ಮಲಗುವುದು ಹಾಲಿನ ದಿವಾನದ ಮೇಲೆ, ಸೀರೆ ಇಡುವುದು ತಮ್ಮನ ಬೀರುವಿನ ಕೆಳಖಾನೆಯಲ್ಲಿ. ಆದರೆ ಬೈಶಾಖದ ಬೇಸಿಗೆ ಬಂತೆಂದರೆ ತಾರಸಿಗೆ ಅವಳೇ ಯಜಮಾನಿ. ಅಕ್ಕಿಹಿಟ್ಟಿನ ಗಂಜಿ ಕಾಸಿ, ಜೀರಿಗೆ ಹಸಿಮೆಣಸು ಬೆರೆಸಿ, ಹಳೇ ಪಂಚೆಯ ಮೇಲೆ ಚಮಚ ಚಮಚವಾಗಿ ಇಟ್ಟು ಅವಳು ಒಣಗಿಸುತ್ತಿದ್ದ ಸಂಡಿಗೆ ಸಾಲ್ಟ್ ಲೇಕಿನ ಕನ್ನಡದವರ ಮನೆಗಳವರೆಗೂ ಹೋಗುತ್ತಿತ್ತು. "ಇಂದಕ್ಕನ ಸಂಡಿಗೆ" ಅನ್ನುತ್ತಿದ್ದರು. ಉಳಿದ ದಿನಗಳಲ್ಲಿ ಅವಳು ವಿಶ್ವನಾಥನ ಅಕ್ಕ, ಅಷ್ಟೆ.

ತಮ್ಮನ ಹೆಂಡತಿ ಪ್ರಿಯಂವದಾ ಹೋದ ಚಳಿಗಾಲದಲ್ಲಿ ತಾರಸಿಗೆ ಮರದ ಹಲಗೆ ಹಾಸಿಸಿದ್ದಳು. ಈಗ ಮೇಲೊಂದು ಸೂರು ಬೇಕಂತೆ; ಆಫೀಸಿನವರನ್ನು ಕರೆದು ಊಟ ಹಾಕಬೇಕಂತೆ.

"ಸೂರು ಹಾಕಿಬಿಟ್ರೆ ಸಂಡಿಗೆ ಎಲ್ಲಿ ಒಣಗಿಸಲಿ?" ಇಂದುಮತಿ ಕೇಳಿದಳು.

"ಅದಕ್ಕೇ ನೀವೇ ಆರಿಸಿ ಅಂತಿರೋದು, ಅಕ್ಕ." ಪ್ರಿಯಂವದಾ ಅಂಗಡಿಯವನು ಕೊಟ್ಟ ತುಂಡುಗಳನ್ನು ಮುಂದಿಟ್ಟಳು. ಬಣ್ಣದ ತಗಡು, ಹಸಿರು ಫೈಬರ್, ಗಾಜಿನಂಥ ಶೀಟು, ಬೇಕಾದಾಗ ಎಳೆದು ಬೇಡವಾದಾಗ ಸುತ್ತಿಡುವ ದಪ್ಪ ಬಟ್ಟೆ. "ಬಿಸಿಲಿನ ವಿಷ್ಯ ನಿಮ್ಮಷ್ಟು ಯಾರಿಗೆ ಗೊತ್ತು? ನೀವು ಹೇಳಿದ್ದೇ ಆಗ್ಲಿ."

ಆ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳಿದ್ದಿಲ್ಲ, ಸಾರಿಗೆ ಉಪ್ಪು ಸಾಕೇ ಎಂದು ಕೂಡ.

ಇಂದುಮತಿ ಇಟ್ಟಿಗೆ ಜೋಡಿಸಿ ಒಂದೊಂದು ತುಂಡನ್ನೂ ಚಪ್ಪರದಂತೆ ನಿಲ್ಲಿಸಿ, ಅಡಿಯಲ್ಲಿ ಸಂಡಿಗೆ ಇಟ್ಟಳು. ತಗಡಿನ ಕೆಳಗಿನದಕ್ಕೆ ಹುಳಿ ನಾತ ಬಂತು. ಫೈಬರಿನದು ಬೂಸರು ಹಿಡಿಯಿತು. ಗಾಜಿನಂಥದರ ಕೆಳಗೆ ಮೇಲ್ಮೈ ಒಣಗಿದರೂ ತಳ ಅಂಟಂಟು. ಬಟ್ಟೆಯನ್ನು ಮಾತ್ರ ಬೆಳಿಗ್ಗೆ ಸುತ್ತಿದಳು, ಸಂಜೆ ಹರಡಿದಳು. ಅದರಡಿಯ ಸಂಡಿಗೆ ಬೆರಳಲ್ಲಿ ಮುರಿದರೆ ಟಕ್ಕೆಂದಿತು.

ಊಟಕ್ಕೆ ಕೂತಾಗ ಎಲ್ಲವನ್ನೂ ವಿವರಿಸಿದಳು. ಸಂಜೆ ಹೊತ್ತು ಕಾಲಬೈಶಾಖಿಯ ಬಿರುಗಾಳಿ ಎದ್ದರೆ ತಾನೇ ಓಡಿಹೋಗಿ ಬಟ್ಟೆ ಸುತ್ತುವುದಾಗಿಯೂ ಹೇಳಿದಳು.

"ನಮ್ಮಕ್ಕ ಎಂಜಿನಿಯರ್ ಆಗ್ಬೇಕಿತ್ತು ಕಣ್ರೀ," ಪ್ರಿಯಂವದಾ ನಕ್ಕಳು. ವಿಶ್ವನಾಥ ತಟ್ಟೆಯಿಂದ ಮುಖ ಎತ್ತಲಿಲ್ಲ.

ಮರುದಿನ ಅವಳು ಪಂಚೆ ಹರಡಿ ಹೊಸ ಸಂಡಿಗೆ ಇಡುತ್ತಿರುವಾಗಲೇ ಕೆಲಸದವರು ಬಂದರು. ಹೆಗಲ ಮೇಲೆ ಉದ್ದುದ್ದ ತಗಡುಗಳು.

"ಲೇ, ಇವರು ತಪ್ಪು ಮಾಲು ತಂದಿದ್ದಾರೆ!" ಇಂದುಮತಿ ಕೆಳಕ್ಕೆ ಕೂಗಿದಳು.

ಪ್ರಿಯಂವದಾ ಮೆಟ್ಟಿಲಲ್ಲೇ ನಿಂತಳು. "ತಪ್ಪೇನಿಲ್ಲ. ತಗಡಿಗೆ ಆಗಲೇ ಹೇಳಿಯಾಗಿತ್ತು ಅಕ್ಕ. ಮೊದಲೇ ತಿಳಿಸಿದ್ರೆ ಊಟ ಬಿಟ್ಟು ಕೂರ್ತಿದ್ರಿ. ಮಕ್ಕಳು ಹಟ ಮಾಡಿದ್ರೆ ಚಪಾತಿ ಹಿಟ್ಟಿನ ಉಂಡೆ ಕೊಟ್ಟು ಕೂರಿಸ್ತೀವಲ್ಲ, ಹಾಗೆ. ಚೆನ್ನಾಗಿ ಆಡ್ಕೊಂಡಿದ್ರಿ ತಾನೇ?"

ಅವಳ ಹಿಂದೆ ವಿಶ್ವನಾಥ ಶೂ ಹಾಕಿಕೊಂಡು ಹೊರಟಿದ್ದ.

"ನಿಂಗೆ ಗೊತ್ತಿತ್ತೇನೋ?"

"ಗೊತ್ತಿತ್ತು. ನೀನು ಅಷ್ಟು ಖುಷಿಯಾಗಿದ್ದೆ, ಹೇಳೋಕೆ ಮನಸ್ಸಾಗ್ಲಿಲ್ಲ." ಎರಡು ಮೆಟ್ಟಿಲಿಳಿದು ತಿರುಗಿದ. "ಅಕ್ಕ, ಆ ಒಣಗಿದ್ದು ಇದೆಯಲ್ಲ, ಭಾನುವಾರ ಕರಿ. ಆಫೀಸಿನವರು ಬರ್ತಾರೆ."

ಒಂದೊಂದೇ ತಗಡು ಕೂತಂತೆ ನೆರಳು ಹಲಗೆಗಳ ಮೇಲೆ ಮುಂದೆ ಬಂತು. ಇಂದುಮತಿ ಪಂಚೆಯನ್ನು ಉಳಿದ ಬಿಸಿಲಿನ ಪಟ್ಟಿಗೆ ಎಳೆದಳು. ನೆರಳು ಬಂತು, ಮತ್ತೆ ಎಳೆದಳು. ಕೊನೆಗೆ ಬೆನ್ನು ಮೋಟುಗೋಡೆಗೆ ತಾಗಿತು.

"ಮಾಶಿಮಾ, ಶೊರುನ್," ಸರಿಯಿರಿ ಎಂದು ಮೇಲಿನಿಂದ ಮಿಸ್ತ್ರಿ ಬಂಗಾಳಿಯಲ್ಲಿ ಕೂಗಿದ. ಅವಳಿಗೆ ಸರಿಯಲು ಜಾಗವಿರಲಿಲ್ಲ. ಅವನು ಇನ್ನೊಮ್ಮೆ ಕೂಗಿ, ಅವಳ ತಲೆಯ ಮೇಲೆಯೇ ಕೊನೆಯ ತಗಡನ್ನು ಇಳಿಸಿ ಮೊಳೆ ಹೊಡೆಯತೊಡಗಿದ.