ನಾಲ್ಕು ಮೂಲೆಯ ಕೋಳಿ

ಇದು ಸತ್ಯಕಥೆ. ನಾನು ಹೇಳಿದೆ ಎಂಬ ಒಂದೇ ಕಾರಣಕ್ಕೆ ನಂಬಬೇಡಿ, ನನ್ನ ಬಾಯಿಯ ಚರಿತ್ರೆ ಅಷ್ಟೇನೂ ಚೆನ್ನಾಗಿಲ್ಲ. ಸಾಕ್ಷಿ ಬೇಕೆನ್ನುವವರು ನಮ್ಮ ಅಡುಗೆಮನೆಗೆ ಬಂದು ನೋಡಬಹುದು. ಒಲೆಯ ಹಿಂದಿನ ಗೋಡೆಯಲ್ಲಿ, ಸ್ವಿಚ್ಚಿನಿಂದ ಎರಡು ಗೇಣು ಮೇಲೆ, ಅಂಗೈಯಗಲದ ಟೊಮ್ಯಾಟೊ ಕಲೆ ಇದೆ. ಅದರ ಮೇಲೆ ಬಣ್ಣ ಹೊಡೆಯಲು ಅತ್ತಿಗೆ ಇವತ್ತಿನವರೆಗೂ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅನ್ನುವುದೇ ಕಥೆ.

ಮನೆಯಲ್ಲಿ ನಾವು ಮೂರೇ ಜನ. ಅಣ್ಣ ಬಡಗಿ. ಅತ್ತಿಗೆಗೆ ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ, ಕಿವಿ ಮಂದವಾದವರಿಗೆ ಮಿಷನ್ ಕೂರಿಸಿ, "ಈಗ ಕೇಳ್ತಾ?" ಎಂದು ದಿನಕ್ಕೆ ನೂರು ಸಲ ವಿಚಾರಿಸಬೇಕು. ಮನೆಗೆ ಬಂದರೆ ಅಣ್ಣನಿಗೂ ಅದೇ ಪ್ರಶ್ನೆ. ಅವನ ಕಿವಿ ಗಟ್ಟಿಯಾಗೇ ಇದೆ, ರಿಪೇರಿ ಬೇಕಾಗಿರುವುದು ಬಾಯಿಗೆ. ಇನ್ನು ನಾನು ಬಸ್ ನಿಲ್ದಾಣದ ದನಿ. ಗಂಟಲಿಗೆ ಇಸ್ತ್ರಿ ಹಾಕಿದಂತೆ "ಪ್ರಯಾಣಿಕರ ಗಮನಕ್ಕೆ" ಅನ್ನುತ್ತಾರಲ್ಲ, ಅದು ನಾನೇ. ಉಳಿದ ಹೊತ್ತಿನಲ್ಲಿ ಊರಿನವರ ದನಿಯೆಲ್ಲ ನನ್ನದು: ನಮ್ಮ ಮೇಲಧಿಕಾರಿ, ಪಕ್ಕದ ಮನೆಯ ಟೀಚರು, ಮೂಳೆ ಡಾಕ್ಟರು, ಸ್ಟಾರ್ಟ್ ಆಗದ ಸ್ಕೂಟರು. ನನಗೆ ದಕ್ಕದ ದನಿ ಒಂದೇ ಒಂದು, ಅಣ್ಣನದು. 'ಹೂಂ', 'ಊಹೂಂ' ಎಂಬ ಎರಡೇ ಹಲಗೆಯಲ್ಲಿ ಯಾರು ತಾನೇ ಮಂಚ ಕಟ್ಟಿಯಾರು?

ಕ್ಲಿನಿಕ್ಕಿನ ಒದ್ದೆ ಮೆಟ್ಟಿಲಲ್ಲಿ ಜಾರಿ ಅತ್ತಿಗೆ ಬಲಗೈ ಮುರಿದುಕೊಂಡರು. ಆರು ವಾರ ಪ್ಲಾಸ್ಟರ್. ಅವರು ಅಡುಗೆಮನೆಯ ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಒಲೆಯ ಮುಂದೆ ನಿಂತು ಮಾಡುವುದು. ಅವರ ಜಡೆ ಹೆಣೆಯುವ ಕೆಲಸ ಅಣ್ಣನದು. ಮೇಜಿನ ಕಾಲು ಕೂದಲೆಳೆಯಷ್ಟು ವಾಲಿದರೂ ಸಹಿಸದ ಅಣ್ಣ ಹೆಣೆದ ಜಡೆ ಒಂದು ದಿನವೂ ಬೆನ್ನಿನ ಮಧ್ಯಕ್ಕೆ ಬರಲಿಲ್ಲ.

ಪ್ಲಾಸ್ಟರ್ ಕತ್ತರಿಸಿದ ದಿನ ಅಣ್ಣ ಏನೋ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡ. ನಾನೂ ಅತ್ತಿಗೆಯೂ ಕಾದೆವು. ಬಹಳ ಹೊತ್ತಿನ ಮೇಲೆ, "ಕೈ ಬೆಳ್ಳಗಾಗಿದೆ" ಎಂದ. ಎಂದವನೇ ಎದ್ದು ಹೋಗಿ ಚೆನ್ನಾಗಿಯೇ ಇದ್ದ ಕಿಟಕಿಯೊಂದನ್ನು ರಿಪೇರಿ ಮಾಡಿದ.

ಅವತ್ತು ಸಂಜೆ ನನ್ನನ್ನು ಹಿತ್ತಿಲಿಗೆ ಕರೆದ. "ಸೋಮವಾರದಿಂದ ಅವಳು ಕೆಲ್ಸಕ್ಕೆ ಹೋಗ್ತಾಳೆ. ಏಳೂವರೆಗೆ ಮನೆಗೆ ಬರೋಷ್ಟ್ರಲ್ಲಿ ಮೀಸೆಮಾವನ ಕೋಳಿ ಮೇಜಿನ ಮೇಲೆ ಬಿಸಿಯಾಗಿರ್ಬೇಕು. ನಾನೇ ಮಾಡ್ಬೇಕು."

ಅದು ಆ ತಿಂಗಳಲ್ಲಿ ಅಣ್ಣನ ಬಾಯಿಂದ ಬಂದ ಅತಿ ಉದ್ದದ ಮಾತು.

ಮೀಸೆಮಾವ ಅಂದರೆ ಮೂಲೆ ಹೋಟೆಲಿನ ಅಡುಗೆಯವರು. ಮದುವೆಗೆ ಮುಂಚೆ ಅಣ್ಣ ಅತ್ತಿಗೆ ಅಲ್ಲಿಗೆ ಹೋಗುತ್ತಿದ್ದರು, ಹಿರಿಯರು ಕಾವಲಿಗೆಂದು ನನ್ನನ್ನೂ ಕಳಿಸುತ್ತಿದ್ದರು. ಮಾವನ ಇಟಲಿ ಕೋಳಿ ಅಂದರೆ ಚಪ್ಪಟೆ ತುಂಡು, ಮೇಲೆ ಟೊಮ್ಯಾಟೊ, ಬೆಳ್ಳುಳ್ಳಿ, ಅದರ ಮೇಲೆ ಕರಗಿದ ಚೀಸು. ಅತ್ತಿಗೆ ಬ್ರೆಡ್ಡಿನಿಂದ ತಟ್ಟೆಯನ್ನು ಎಷ್ಟು ಚೊಕ್ಕವಾಗಿ ಒರೆಸುತ್ತಿದ್ದರೆಂದರೆ ತೊಳೆಯುವವರಿಗೆ ಕೆಲಸವೇ ಉಳಿಯುತ್ತಿರಲಿಲ್ಲ. ಹೋಟೆಲು ಮುಚ್ಚಿ ಮೂರು ವರ್ಷ ಆಗಿತ್ತು.

"ನಾನು ಪಕ್ಕದಲ್ಲಿ ನಿಂತ್ಕೊಂಡು ಹೇಳ್ಕೊಡ್ತೀನಿ ಬಿಡು."

"ಊಹೂಂ. ನೀನು ಸೌಟು ಮುಟ್ಟಿದ್ರೆ ಅದು ನಿನ್ನ ಅಡುಗೆ ಆಗುತ್ತೆ. ಮಾವನ್ನೇ ಕೇಳ್ತೀನಿ."

ಭಾನುವಾರ ಅಣ್ಣ ಮುಚ್ಚಿದ ಹೋಟೆಲಿನ ತನಕ ಹೋಗಿ, ಮಾವ ಸಿಕ್ಕರೆ ಕೊಡಿ ಎಂದು ಪಕ್ಕದ ಸೈಕಲ್ ಅಂಗಡಿಯವನ ಕೈಗೆ ತನ್ನ ನಂಬರು ಕೊಟ್ಟು ಬಂದ. ಕಾಗದ ಇರಲಿಲ್ಲವಂತೆ, ಒಂದು ಮರದ ಚೂರಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಟ್ಟನಂತೆ.

ಸೋಮವಾರ ಸಂಜೆ ಆರಾದರೂ ಫೋನು ಬರಲಿಲ್ಲ. ಅಡುಗೆಮನೆಯಲ್ಲಿ ಇಣುಕಿ ನೋಡಿದೆ. ಕೋಳಿಯ ಎದೆಯ ತುಂಡು ಮೂರು, ಟೊಮ್ಯಾಟೊ, ಬೆಳ್ಳುಳ್ಳಿ, ಚೀಸು ಎಲ್ಲ ಸಾಲಾಗಿ ಇವೆ. ಅಣ್ಣ ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು, ನಕ್ಷೆ ಕೊಡದೆ ಬಾಗಿಲು ಮಾಡು ಅಂದವರನ್ನು ನೋಡುವ ಹಾಗೆ ಆ ಕೋಳಿಯನ್ನು ನೋಡುತ್ತಿದ್ದಾನೆ. ಉಳಿದಿರುವುದು ಒಂದೂವರೆ ಗಂಟೆ.

ನನಗೆ ಕನಿಕರವೂ ಆಯಿತು, ನಾಲಿಗೆಯೂ ತುರಿಸಿತು. ಎರಡೂ ಒಟ್ಟಿಗೆ ಬಂದಾಗ ನಾನು ಏನು ಮಾಡುತ್ತೇನೆ ಅನ್ನುವುದಕ್ಕೆ ಜವಾಬ್ದಾರನಲ್ಲ. ಆಫೀಸಿನ ಫೋನು ಹಿಡಿದು ತಾರಸಿ ಹತ್ತಿದೆ. ಆ ನಂಬರು ಅಣ್ಣನಿಗೆ ಗೊತ್ತಿಲ್ಲ. ಇನ್ನೊಂದು ಕೈಯಲ್ಲಿ ನನ್ನ ಫೋನು, ಅದರಲ್ಲಿ ಹುಡುಕಿ ತೆಗೆದ ಸುಲಭದ ಇಟಲಿ ಕೋಳಿ.

"ಹಲೋ," ಎಂದ ಅಣ್ಣ.

"ಏನ್ ರಾಜಾ! ಅದು ಹೆಂಗಪ್ಪಾ ಅಂದ್ರೆ, ಸೈಕಲ್ ಅಂಗಡಿಯವನು ಮರದ ಚೂರು ಕೊಟ್ಟ. ಯಾರ ನಂಬರಪ್ಪಾ ಇದು, ಬಾಗಿಲದ್ದಾ ಕಿಟಕೀದಾ ಅಂದ್ಕೊಂಡೆ. ಖೆಹೆಹೆ!"

ಮೀಸೆಮಾವನ ಮಾತೆಲ್ಲ 'ಅದು ಹೆಂಗಪ್ಪಾ ಅಂದ್ರೆ'ಯಿಂದ ಶುರುವಾಗಿ ಕೆಮ್ಮಿನಂಥ ನಗುವಿನಲ್ಲಿ ಮುಗಿಯುತ್ತಿತ್ತು. ಹದಿನಾಲ್ಕು ವರ್ಷದಿಂದ ನನ್ನ ಗಂಟಲಲ್ಲಿ ಬೆಚ್ಚಗೆ ಕೂತಿದ್ದ ದನಿ.

"ಮಾವಾ! ನೀವಾ? ಸದ್ಯ, ದೇವ್ರು ಬಂದ ಹಾಗೆ ಬಂದ್ರಿ!"

ನನಗೆ ಅಣ್ಣ ಜನ್ಮದಲ್ಲಿ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಅನುಭವಿಸಿದೆ.

"ಮೊದ್ಲು ಕೈ ತೊಳ್ಕೋ. ನೆಟ್ಟಗೆ ನಿಂತ್ಕೋ. ಕೋಳೀನ ಎರಡು ಪ್ಲಾಸ್ಟಿಕ್ ಹಾಳೆ ಮಧ್ಯ ಇಟ್ಟು ಅರ್ಧ ಇಂಚು ಆಗೋ ಹಾಗೆ ಬಡಿ."

"ಅರ್ಧ ಅಂದ್ರೆ ಅರ್ಧಾನೇನಾ, ಒಂದು ನೂಲು ಹೆಚ್ಚುಕಮ್ಮಿ ನಡೆಯುತ್ತಾ?"

"ನಡೆಯುತ್ತೆ. ಬಡಿ ರಾಜಾ. ಬಡಗಿಗೆ ಬಡಿಯೋದನ್ನ ಹೇಳ್ಕೊಡೋಕೆ ನಾನ್ಯಾರು?"

ಹೊಸ ಮರದ ಕೊಡತಿ ತೊಳೆದು ಇಟ್ಟುಕೊಂಡಿದ್ದ ಅಂತ ಕಾಣುತ್ತದೆ. ಧಬ್, ಧಬ್. ಒಂದು ಧಬ್ ಫೋನಿನಲ್ಲಿ, ಅದರದೇ ಇನ್ನೊಂದು ಧಬ್ ನನ್ನ ಅಂಗಾಲಿನ ಕೆಳಗೆ. ಆಮೇಲೆ ಟೇಪು ಎಳೆದ ಸದ್ದು. ಆಮೇಲೆ ಚಾಕುವಿನ ಸದ್ದು.

"ಚಾಕು ಯಾಕೆ?"

"ಅಂಚು ಡೊಂಕಿತ್ತು ಮಾವ. ಮೂಲೆಮಟ್ಟ ಇಟ್ಟು ಕತ್ತರಿಸ್ದೆ. ಈಗ ಮೂರಕ್ಕೂ ನಾಲ್ಕು ನಾಲ್ಕು ಮೂಲೆ ಸರಿಯಾಗಿದೆ. ಚೂರು ಎಸೆಯಲ್ಲ, ಎಲ್ಲಾದ್ರೂ ಉಪಯೋಗಕ್ಕೆ ಬರುತ್ತೆ."

ನಗು ತಡೆಯಲು ತಾರಸಿಯ ನೀರಿನ ಟ್ಯಾಂಕನ್ನು ತಬ್ಬಿಕೊಳ್ಳಬೇಕಾಯಿತು. ಉಪ್ಪು, ಮೆಣಸಿನಪುಡಿ ಹಚ್ಚಿಸಿದೆ. ಎಣ್ಣೆ ಕಾಯಿಸಿ ತುಂಡುಗಳನ್ನು ಬಾಣಲೆಗೆ ಇಡಿಸಿದೆ.

"ತಿರುಗಿಸ್ಲಾ ಮಾವ?"

"ನಾಲ್ಕು ನಿಮಿಷ ಮುಟ್ಬೇಡ. ಇಟ್ಟಲ್ಲಿ ಬಿಡೋದಕ್ಕೇ ಇಟಲಿ ಅನ್ನೋದು! ಖೆಹೆಹೆ!"

ಎರಡೂ ಬದಿ ಕೆಂಪಾಗಿಸಿ ತುಂಡುಗಳನ್ನು ಎತ್ತಿಟ್ಟ. ಅದೇ ಬಾಣಲೆಗೆ ಈರುಳ್ಳಿ, ಬೆಳ್ಳುಳ್ಳಿ.

"ಯಾವ ಬಣ್ಣಕ್ಕೆ ಬರ್ಬೇಕು?"

"ಹೊಸ ತೇಗದ ಬಣ್ಣ."

"ತೇಗ ಬಂತು ಮಾವ. ತೇಗ ಇದೆ, ತೇಗ ಇದೆ... ಮಾವಾ, ಬೀಟೆ ಆಗ್ತಿದೆ ಮಾವಾ!"

"ಕಪ್ಪಾಗೋಕೆ ಬಿಡ್ಬೇಡ, ಟೊಮ್ಯಾಟೊ ಸುರಿ! ಉಪ್ಪು, ಚಿಟಿಕೆ ಸಕ್ಕರೆ! ಆ ಚೂರೂ ಹಾಕ್ಬಿಡು!"

ಟೊಮ್ಯಾಟೊ ಕುದಿದು ಗಟ್ಟಿಯಾಗಲು ಹತ್ತು ನಿಮಿಷ ಬೇಕು. ಫೋನು ಇಟ್ಟುಬಿಡಬಹುದಾಗಿತ್ತು. ನನ್ನ ನಾಲಿಗೆ ಬಿಡಬೇಕಲ್ಲ. "ಏನ್ ರಾಜಾ, ಇವತ್ತೇನು ವಿಶೇಷ?" ಎಂದೆ.

ಅಣ್ಣ 'ಹೂಂ' ಅನ್ನುತ್ತಾನೆ ಎಂದುಕೊಂಡೆ.

"ಅವಳಿಗೆ ಒಂದು ಮಾತು ಹೇಳ್ಬೇಕಿತ್ತು ಮಾವ. ಹೇಳೋಕೆ ಬರಲ್ಲ. ಹದಿನಾಲ್ಕು ವರ್ಷ ಬಿಸಿ ಊಟ ಹಾಕಿದಾಳೆ. ಒಂದಿನ ಚೆನ್ನಾಗಿದೆ ಅಂದಿಲ್ಲ ನಾನು. ತಟ್ಟೆ ಖಾಲಿ ಮಾಡಿದ್ರೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಕೈ ಮುರಿದಾಗ ಜಡೆ ಹಾಕ್ದೆ. ದಿನಾ ಸೊಟ್ಟ. ಆ ಸೊಟ್ಟ ಜಡೇಲೇ ಕನ್ನಡಿ ಮುಂದೆ ನಿಂತು, ಚೆನ್ನಾಗ್ ಬಂದಿದೆ ಕಣ್ರೀ ಅಂತಿದ್ಲು. ನಲವತ್ತೆರಡು ದಿನ ಅಂದ್ಲು. ನಂಗೆ ಒಂದಿನ ಅನ್ನೋಕೆ ಬರ್ಲಿಲ್ಲ ನೋಡಿ."

ನಾನು ಕೆಮ್ಮಿದೆ. ಅದು ಮಾವನ ಕೆಮ್ಮಲ್ಲ.

"ನನ್ನ ತಮ್ಮನಿಗೂ ಹೇಳ್ಬೇಕು ಮಾವ. ಕೋಡಂಗಿ ಅವನು. ಆದ್ರೆ ನೋವು ಅಂತ ಅವಳು ಮುಖ ಕಿವುಚಿದಾಗೆಲ್ಲ ಮೂಳೆ ಡಾಕ್ಟ್ರ ದನಿ ಮಾಡಿ ನಗಿಸ್ದ. ಆರು ವಾರ ಮನೇಲಿ ಯಾರೂ ಅಳ್ಲಿಲ್ಲ, ಅವನಿಂದ. ಅವನಿಗೆ ಹೇಳೋಣ ಅಂದ್ರೆ ಆ ಮಾತನ್ನೇ ಮಿಮಿಕ್ರಿ ಮಾಡ್ಬಿಡ್ತಾನೆ, ಬಡ್ಡಿಮಗ."

ತಾರಸಿಯಲ್ಲಿ ಒಣಗಿದ ಬಟ್ಟೆಗಳು ಗಾಳಿಗೆ ಬಡಿದುಕೊಳ್ಳುತ್ತಿದ್ದವು. ನಾನು ಯಾರದೋ ಕಾಗದವನ್ನು ಕದ್ದು ಒಡೆದವನಂತೆ ನಿಂತಿದ್ದೆ. ಈ ಮಾತು ನನ್ನ ಕಿವಿಗೆ ಬಿತ್ತೆಂದು ಗೊತ್ತಾದರೆ ಅಣ್ಣ ಮತ್ತೆ ಜೀವಮಾನದಲ್ಲಿ ಬಾಯಿ ತೆರೆಯುವುದಿಲ್ಲ. ಅದೂ ಇವತ್ತು, ಅವನು ಇಷ್ಟು ದಿನ ಕಾದ ದಿನ. ಹೇಗಾದರೂ ಮುಗಿಸಿ ಜಾಗ ಖಾಲಿ ಮಾಡಬೇಕಿತ್ತು. ಮಾವನ ದನಿ ಬಿಡದೆ ಹೇಳಿದೆ: "ತುಂಡು ವಾಪಸ್ ಇಡು. ಮೇಲೆ ಚೀಸ್ ಹಾಕಿ ಮುಚ್ಚು. ಎರಡೂ ಚೆನ್ನಾಗಿ ಹಿಡ್ಕೊಳ್ಳಲಿ."

ಉರಿ ಸಣ್ಣ ಮಾಡು ಅನ್ನಲು ಮರೆತೆ. ಇನ್ನೊಂದು ಮರೆತೆ: ಎರಡು ಹಲಗೆ ಅಂಟು ಹಾಕಿದ ಮೇಲೆ ಹಿಡಿದುಕೊಳ್ಳಲಿ ಅಂದರೆ, ಬಡಗಿಯಾದವನು ಅದರ ಮೇಲೆ ಭಾರ ಹೇರುತ್ತಾನೆ.

ಅಣ್ಣ ಮುಚ್ಚಳದ ಮೇಲೆ ಕಲ್ಲಿನ ಕುಟ್ಟಾಣಿ ಇಟ್ಟ. ಸಾಲದೆಂದು ಇಸ್ತ್ರಿಪೆಟ್ಟಿಗೆಯನ್ನೂ ಇಟ್ಟ. ಎರಡು ನಿಮಿಷಕ್ಕೆ ಢಣಾರ್ ಎಂದಿತು, ಫೋನಿನಲ್ಲೂ ಕಾಲಡಿಯಲ್ಲೂ. ಫೋನನ್ನು ಜೇಬಿಗೆ ತುರುಕಿ, "ಅಣ್ಣಾ!" ಎಂದು ನನ್ನದೇ ದನಿಯಲ್ಲಿ ಕೂಗಿ, ಮೂರು ಮೂರು ಮೆಟ್ಟಿಲು ಹಾರಿ ಕೆಳಗೆ ಬಂದೆ.

ಕುಟ್ಟಾಣಿ ನೆಲದ ಮೇಲೆ. ಇಸ್ತ್ರಿಪೆಟ್ಟಿಗೆ ಕಟ್ಟೆಯ ಮೇಲೆ ಮಗುಚಿಕೊಂಡಿದೆ. ಗೋಡೆಯ ಮೇಲೆ ಟೊಮ್ಯಾಟೊ. ಅಣ್ಣ ಒಂದು ಕೈಯಲ್ಲಿ ಮುಚ್ಚಳ ಹಿಡಿದು, ಇನ್ನೊಂದು ಕೈಯಿಂದ ಫೋನನ್ನು ನನ್ನ ಕಿವಿಗೆ ಒತ್ತಿದ. "ಲೋ, ಮಾವ ಲೈನಲ್ಲಿದಾರೆ! ಏನ್ ಮಾಡೋದು ಅಂತ ಕೇಳೋ!"

ಆ ಮಾವ ನನ್ನ ಪ್ಯಾಂಟಿನ ಜೇಬಿನಲ್ಲಿದ್ದರು. ನಾನು ಗೋಡೆ ಕಡೆ ತಿರುಗಿ, "ಹಲೋ ಮಾವ... ಹೂಂ... ಹಾಗಾ... ಸರಿ," ಎಂದು ನನ್ನ ಜೇಬಿಗೇ ಮರ್ಯಾದೆ ಕೊಟ್ಟು, "ಉರಿ ಆರಿಸ್ಬೇಕಂತೆ, ಐದು ನಿಮಿಷ ಸುಮ್ನೆ ಮುಚ್ಚಿಡ್ಬೇಕಂತೆ. ಭಾರ ಬೇಡ್ವಂತೆ!" ಎಂದು ವರದಿ ಒಪ್ಪಿಸಿದೆ. ಪುಣ್ಯಕ್ಕೆ ಗೋಡೆಗೆ ಹಾರಿದ್ದು ಒಂದು ಸೌಟು ರಸ ಮಾತ್ರ. ಮೂರೂ ತುಂಡು ಚೀಸು ಹೊದ್ದುಕೊಂಡು ಬಾಣಲೆಯಲ್ಲಿ ಆರಾಮಾಗಿ ಮಲಗಿದ್ದವು.

ಏಳೂವರೆಗೆ ಬಾಗಿಲು ತೆರೆಯಿತು. ಅತ್ತಿಗೆ ಹೊಸ್ತಿಲಲ್ಲೇ ನಿಂತು ಮೂಗರಳಿಸಿದರು. ಚಪ್ಪಲಿಯನ್ನೂ ಬಿಡದೆ ಮೇಜಿನ ತನಕ ಬಂದು ತಟ್ಟೆ ನೋಡಿದರು, ಅಣ್ಣನನ್ನು ನೋಡಿದರು, ಗೋಡೆ ನೋಡಿದರು.

"ನಾಲ್ಕು ಮೂಲೆ ಇರೋ ಕೋಳಿ ಇದೇ ಮೊದ್ಲು ನೋಡ್ತಿರೋದು," ಎಂದು ಕೂತರು. ಆರು ವಾರದ ನಂತರ ಬಲಗೈಯಿಂದ ಬ್ರೆಡ್ಡು ಮುರಿದರು. ಒಂದು ತುತ್ತು. ಅಣ್ಣ ಉಸಿರು ಹಿಡಿದಿದ್ದ. ಇನ್ನೊಂದು ತುತ್ತು. ಅತ್ತಿಗೆ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ಒರೆಸಿ ಹೊಳೆಯಿಸಿದರು.

"ಅದೇ ರುಚಿ ಕಣ್ರೀ," ಎಂದರು ಕೊನೆಗೆ. ಕಣ್ಣು ತುಂಬಿತ್ತು. "ಹೇಗ್ ಮಾಡಿದ್ರಿ?"

ಖುಷಿಯಲ್ಲಿ ಅಣ್ಣನ ಬಾಯಿಯ ಬೀಗವೇ ಕಳಚಿತು. "ಮೀಸೆಮಾವ ಫೋನ್ ಮಾಡಿದ್ರು! ಮುಕ್ಕಾಲು ಗಂಟೆ ಲೈನಲ್ಲೇ ಇದ್ದು ಹೇಳ್ಕೊಟ್ರು!"

ಅತ್ತಿಗೆ ಕೈ ನಿಂತಿತು. "ಫೋನಲ್ಲಾ? ಅವ್ರಿಗೆ ಎರಡೂ ಕಿವಿ ಪೂರ್ತಿ ಹೋಗಿ ಒಂದು ವರ್ಷ ಆಯ್ತು. ನಮ್ಮ ಕ್ಲಿನಿಕ್ಕಿಗೇ ಬರ್ತಾರೆ. ಸ್ಲೇಟಲ್ಲಿ ಬರೆದು ಮಾತಾಡಿಸ್ತೀವಿ. ನಿಮ್ಗೆ ಹೇಳಿದ್ದೆ, ನೀವು ಉಜ್ಜುಗೊರಡು ಹಿಡ್ಕೊಂಡು ಹೂಂ ಅಂದ್ರಿ."

ಇಬ್ಬರೂ ನಿಧಾನವಾಗಿ ನನ್ನ ಕಡೆ ತಿರುಗಿದರು.

ಅಣ್ಣನ ಕಿವಿ ಕೆಂಪಾಯಿತು. ಅವನು ತಟ್ಟೆಯಲ್ಲಿದ್ದ ಫೋರ್ಕನ್ನು ಮೇಜಿನ ಅಂಚಿಗೆ ಸಮನಾಗಿ ಇಟ್ಟ. "ಹಾಗಾದ್ರೆ... ಆ ಜಡೆ ವಿಷ್ಯ ಕೇಳಿಸ್ಕೊಂಡಿದ್ದು..."

"ಹೂಂ," ಎಂದೆ. ನನ್ನಂಥ ವಾಚಾಳಿಗೆ ಅಷ್ಟೇ ಬಂತು.

"ನಿನ್ನ ವಿಷ್ಯಾನೂ?"

"ಹೂಂ."

"ಪೂರ್ತಿ?"

"ತಪ್ಪಾಯ್ತು ಅಣ್ಣಾ."

ಅಣ್ಣ ತಲೆ ತಗ್ಗಿಸಿದ. ಭುಜ ಅಲುಗಿತು. ಮುಗಿಯಿತು, ಅವನ ದಿನವನ್ನು ಕೆಡಿಸಿದೆ ಎಂದುಕೊಂಡೆ. ಆಮೇಲೆ ಆ ಸದ್ದು ಬಂತು. ಮೊದಲು ಗರಗಸ ಎಳೆದಂತೆ, ಆಮೇಲೆ ಮರದ ರಾಶಿಯೇ ಉರುಳಿದಂತೆ. ಅಣ್ಣ ನಗುತ್ತಿದ್ದ.

"ಅಯ್ಯೋ ಕೋಡಂಗಿ! ಹಾಗಾದ್ರೆ ನಿಂಗೆ ಹೇಳಾಯ್ತಲ್ಲೋ! ಹೇಗಪ್ಪಾ ಹೇಳೋದು ಅಂತ ಆರು ವಾರದಿಂದ ಒದ್ದಾಡ್ತಿದ್ದೆ. ದೊಡ್ಡ ಕೆಲ್ಸ ಉಳೀತು!"

"ಏನ್ರೀ ಅದು? ನಂಗೂ ಹೇಳಿ," ಎಂದರು ಅತ್ತಿಗೆ.

ಅಣ್ಣ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟ. "ನೀನೇ ಹೇಳೋ. ನನ್ನ ದನೀಲಿ."

ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೆ. ಮುಕ್ಕಾಲು ಗಂಟೆ ಕೇಳಿದ್ದೆನಲ್ಲ, ದನಿ ತಾನಾಗೇ ಬಂತು. ಹದಿನಾಲ್ಕು ವರ್ಷದ ಬಿಸಿ ಊಟ, ಖಾಲಿ ತಟ್ಟೆ, ಸೊಟ್ಟ ಜಡೆ, ನಲವತ್ತೆರಡು ದಿನ. ಒಂದು ಅಕ್ಷರ ಬಿಡದೆ ಹೇಳಿದೆ. ಅತ್ತಿಗೆ ಬೆಳ್ಳಗಾದ ಆ ಕೈಯನ್ನು ಅಣ್ಣನ ಕೈ ಮೇಲೆ ಇಟ್ಟರು.

"ಈಗ ಕೇಳ್ತಾ?" ಎಂದ ಅಣ್ಣ, ಮೆಲ್ಲಗೆ.

"ಕೇಳ್ತು ಕಣ್ರೀ," ಎಂದು ಅತ್ತಿಗೆ ಮೂಗೊರೆಸಿಕೊಂಡು ಗೋಡೆ ಕಡೆ ನೋಡಿದರು. "ಅದನ್ನ ಮಾತ್ರ ಯಾರೂ ಒರೆಸ್ಬೇಡಿ. ನೀವು ಮಾತಾಡಿದ್ದಕ್ಕೆ ರಸೀದಿ ಅದು."

ಇನ್ನೊಂದು ನಿಮಿಷ ಬಿಟ್ಟರೆ ಮೂವರೂ ಅಳುವ ಹಾಗಿತ್ತು. ತಪ್ಪಿಸಲು ನನಗಿದ್ದದ್ದು ಒಂದೇ ದಾರಿ. ಅಣ್ಣನ ಹೊಸ ದನಿಯಲ್ಲೇ ಕೂಗಿದೆ: "ಮಾವಾ, ಬೀಟೆ ಆಗ್ತಿದೆ ಮಾವಾ!"

ಅತ್ತಿಗೆಗೆ ನಕ್ಕು ನಕ್ಕು ನೆತ್ತಿ ಹತ್ತಿತು. ನಾನು ಕುರ್ಚಿಯಿಂದ ಜಾರಿದೆ. ಆದರೆ ನಮ್ಮಿಬ್ಬರನ್ನೂ ಮುಳುಗಿಸುವಷ್ಟು ಜೋರಾಗಿ ಅಣ್ಣ ನಕ್ಕ. ಪಕ್ಕದ ಮನೆಯ ಟೀಚರು ಗೋಡೆ ತಟ್ಟಿದರು. ಅಣ್ಣ ಕೊಡತಿ ಎತ್ತಿಕೊಂಡು ತಾನೂ ತಿರುಗಿ ಎರಡು ಸಲ ತಟ್ಟಿ, ಹೊಟ್ಟೆ ಹಿಡಿದುಕೊಂಡು ಮತ್ತೆ ನಕ್ಕ.